ಅಡುಗೆ ಕೋಣೆಯ ಜಾಲರಿಯಿಂದ ಕೇಳಿದ ಪಾಠಗಳು

ಕನ್ನಡ ಪಾಠ ಮಾಡುವವರ ಬಾಳಿನಲ್ಲಿ ನಗುವಿಗೆ ಬರ ಇಲ್ಲ. ಗಣಿತದವರಿಗೆ ಉತ್ತರ ಒಂದೇ, ತಪ್ಪಿದರೆ ತಪ್ಪು. ನಮಗೆ ಹಾಗಲ್ಲ. ಒಂದು ಪಾಠವನ್ನು ಮೂವತ್ತು ಮಕ್ಕಳಿಗೆ ಹೇಳಿದರೆ ಮೂವತ್ತು ಬಗೆಯಾಗಿ ತಲುಪುತ್ತದೆ, ಅದರಲ್ಲಿ ಎರಡೋ ಮೂರೋ ನನ್ನನ್ನೇ ತಬ್ಬಿಬ್ಬು ಮಾಡುತ್ತವೆ. ಆದರೆ ಎಲ್ಲಕ್ಕಿಂತ ಹೆಚ್ಚು ತಬ್ಬಿಬ್ಬು ಮಾಡಿದವರು ತರಗತಿಯಲ್ಲಿ ಕೂತವರಲ್ಲ, ಗೋಡೆಯ ಆಚೆ ಬೇಳೆ ಬೇಯಿಸುತ್ತಿದ್ದವರು.

ನಾನು ಹೊಸದುರ್ಗದವನು. ಯಲ್ಲದಕೆರೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಬಂದು ಹನ್ನೊಂದು ವರ್ಷವಾಯಿತು. ನಮ್ಮಲ್ಲಿ ಹತ್ತನೆಯ ತರಗತಿಗೂ ಬಿಸಿಯೂಟದ ಅಡುಗೆ ಕೋಣೆಗೂ ನಡುವೆ ಒಂದೇ ಗೋಡೆ. ಗೋಡೆಯ ಮೇಲ್ಗಡೆ ಗಾಳಿಗೆಂದು ಬಿಟ್ಟ ಸಿಮೆಂಟಿನ ಜಾಲರಿ. ಅದರಿಂದ ಒಗ್ಗರಣೆಯ ವಾಸನೆ ಈ ಕಡೆ ಬರುತ್ತದೆ, ಪಾಠ ಆ ಕಡೆ ಹೋಗುತ್ತದೆ. ಅಡುಗೆ ಮಾಡುವವರನ್ನು ಮಕ್ಕಳು, ಮೇಷ್ಟ್ರುಗಳು ಎಲ್ಲರೂ ಅಕ್ಕ ಎನ್ನುತ್ತೇವೆ. ಕುರಿ ಸಾಕುವ ಮನೆತನದವರು, ಮಾತು ನೇರ.

ಈ ಅಕ್ಕ ಹತ್ತನೆಯ ತರಗತಿಯಲ್ಲಿ ಎಲ್ಲ ವಿಷಯ ಪಾಸು. ಇಂಗ್ಲಿಷ್ ಪಾಸು, ಗಣಿತ ಪಾಸು. ಫೇಲಾಗಿದ್ದು ಕನ್ನಡದಲ್ಲಿ ಮಾತ್ರ. ಊರಿನಲ್ಲಿ ಇಪ್ಪತ್ತು ವರ್ಷದಿಂದ ಓಡುತ್ತಿರುವ ತಮಾಷೆ ಇದು. ಮನೆಯಲ್ಲಿ ಅಕ್ಕ ನಾಲ್ಕು ಮಾತು ಜೋರಾಗಿ ಆಡಿದರೆ ಸಾಕು, "ಇದ್ನೇ ಪೇಪರ್ನಾಗೆ ಬರ್ದಿದ್ರೆ ಆಗ್ತಿತ್ತು ನೋಡು" ಎಂದು ನಾದಿನಿ ಚುಚ್ಚುತ್ತಾಳಂತೆ. ನಾಲ್ಕು ಜನರ ಮುಂದೆ ಅಕ್ಕನೂ ನಗುತ್ತಾರೆ. ಆದರೆ ಅದು ಒಳಗೊಳಗೇ ಕೊರೆಯುತ್ತಿತ್ತು ಎಂದು ನನಗೆ ಗೊತ್ತಾಗಿದ್ದು ಅವರ ಮಗಳು ನಮ್ಮ ಶಾಲೆಗೆ ಎಂಟನೆಯ ತರಗತಿಗೆ ಸೇರಿದ ದಿನ.

"ಸಾರ್, ಇವ್ಳು ಹತ್ನೇ ಕ್ಲಾಸಿಗೆ ಬರಾದ್ರಾಗೆ ನಾನು ಕನ್ನಡ ಪಾಸಾಗ್ಬೇಕು. ಮಗ್ಳ ಜೊತಿಗೆ ಕುಂತು ಪರೀಕ್ಷೆ ಬರಿಯಾದು ಬ್ಯಾಡ."

"ಅದರಲ್ಲೇನು ನಾಚಿಕೆ ಅಕ್ಕ?"

"ನಾಚಿಕೆ ಅಲ್ಲ ಸಾರ್. ಅವ್ಳು ನನ್ನ ಪೇಪರ್ ನೋಡಿ ಬರೀತಾಳೆ. ಇಬ್ರೂ ಹೋಗ್ತೀವಿ."

೧. ಗಾಡಿಯಲ್ಲಿ ಮಲಗಿದವರು

ಪಾಠ ಹೇಳಿಕೊಡಲು ಒಪ್ಪಿಕೊಂಡೆ. ಮೊದಲ ದಿನವೇ ಕೇಳಿದೆ. "ಆವಾಗ ಫೇಲಾಗಿದ್ದು ಹೇಗೆ ಅಕ್ಕ? ಬರೆಯಲಿಲ್ಲವೋ?"

"ಎಲ್ಲಾದ್ಕೂ ಬರ್ದಿದ್ದೆ ಸಾರ್. ಒಂದ್ನೂ ಬಿಟ್ಟಿರ್ಲಿಲ್ಲ."

ಅವರ ಕಾಲದ ಪುಸ್ತಕದಲ್ಲಿ ಒಂದು ಪ್ರಬಂಧ ಇತ್ತಂತೆ. ಲೇಖಕರು ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಅಂಗಾತ ಮಲಗಿ, ಆಕಾಶ ನೋಡುತ್ತ ದೂರದ ಊರಿಗೆ ಹೋಗುತ್ತಾರೆ. ಪರೀಕ್ಷೆಯಲ್ಲಿ ‘ಗಾಡಿ ಪ್ರಯಾಣದ ಸುಖವನ್ನು ಲೇಖಕರು ಹೇಗೆ ವರ್ಣಿಸಿದ್ದಾರೆ?’ ಎಂದು ನಾಲ್ಕು ಅಂಕದ ಪ್ರಶ್ನೆ ಬಂತು. ಅಕ್ಕ ಬರೆದಿದ್ದು ಎರಡೇ ಸಾಲು. ಇಪ್ಪತ್ತು ವರ್ಷವಾದರೂ ಅದು ಅವರಿಗೆ ಬಾಯಿಪಾಠ. ‘ಲೇಖಕರು ಮಲಗಿದ್ದರು. ಗಾಡಿ ಹೊಡೆಯುವವನನ್ನು ಯಾರೂ ಕೇಳಿಲ್ಲ.’

ಮೊದಲು ನಕ್ಕೆ. ಆಮೇಲೆ ನಗು ನಿಂತಿತು. ಇಂಥ ಪ್ರಬಂಧಗಳನ್ನು ನಾನೂ ಎಷ್ಟೋ ವರ್ಷ ಪಾಠ ಮಾಡಿದ್ದೇನೆ, ‘ಪ್ರಕೃತಿಯ ಸೊಬಗು’ ಎಂದು ನೋಟ್ಸ್ ಬರೆಸಿದ್ದೇನೆ. ಗಾಡಿಯ ಮುಂದುಗಡೆ ಒಬ್ಬ ಮನುಷ್ಯ ಕೂತಿರುತ್ತಾನೆ ಎಂಬುದು ಒಂದು ದಿನವೂ ಹೊಳೆದಿರಲಿಲ್ಲ. ಇಷ್ಟು ಚೆನ್ನಾಗಿ ಓದಿದವರನ್ನು ಫೇಲು ಮಾಡಿದ್ದಾರಲ್ಲ ಎಂದು ಸಂಕಟವಾಯಿತು. ಆದರೂ ನಾನು ಮೇಷ್ಟ್ರು.

"ಅಕ್ಕ, ವರ್ಣನೆ ಕೇಳಿದಾಗ ವರ್ಣನೆ ಬರೀಬೇಕಲ್ವಾ? ಆಕಾಶ, ಹಕ್ಕಿ, ಗಾಳಿ..."

"ನಮ್ಮಪ್ಪ ಗಾಡಿ ಹೊಡೀತಿದ್ದ ಸಾರ್. ಆಕಾಶ ನೋಡ್ದೆ ಅಂತ ಒಂದಿನಾನೂ ಹೇಳ್ಲಿಲ್ಲ. ಅವ್ನು ನೋಡಿದ್ದು ಎತ್ತಿನ ಬಾಲ ಒಂದೇಯ."

೨. ಕೊನೆಯ ರೊಟ್ಟಿ

ಈಗಿನ ಪುಸ್ತಕದಲ್ಲಿ ಹಳೆಯ ಕಾಲದ ಒಂದು ಸಣ್ಣಕತೆ ಇದೆ. ಮನೆಗೆ ದಿಢೀರನೆ ನೆಂಟರು ಬರುತ್ತಾರೆ. ಮನೆಯಾಕೆ ತನ್ನ ಪಾಲಿನ ಕೊನೆಯ ರೊಟ್ಟಿಯನ್ನೂ ಅವರಿಗೆ ಬಡಿಸಿ, ತಾನು ನೀರು ಕುಡಿದು ಮಲಗುತ್ತಾಳೆ. ಈ ಕತೆಯನ್ನು ನಾನು ಕೇಳುವವರ ಕಣ್ಣು ತುಂಬುವ ಹಾಗೆ ಹೇಳುತ್ತೇನೆ ಎಂದು ನನಗೊಂದು ಹಮ್ಮು. ಅಂದೂ ಧ್ವನಿ ತಗ್ಗಿಸಿ, "ಮಕ್ಕಳೇ, ತ್ಯಾಗ ಅಂದರೆ ಇದು" ಎಂದು ನಿಲ್ಲಿಸಿದೆ. ಆಗ ಜಾಲರಿಯಿಂದ ಅಕ್ಕನ ಧ್ವನಿ ಬಂತು.

"ಸಾರ್, ನೆಂಟ್ರನ್ನ ಕರ್ಕಂಬಂದೋರು ಯಾರು?"

"ಆಕೆಯ ಗಂಡ."

"ಮುಂಚೆ ಹೇಳಿ ಕಳ್ಸಿದ್ನಾ?"

ಪುಸ್ತಕ ತಿರುವಿ ನೋಡಿದೆ. ಹೇಳಿ ಕಳಿಸಿದ ಮಾತು ಎಲ್ಲೂ ಇರಲಿಲ್ಲ.

"ಅವ್ನು ಊಟ ಮಾಡಿದ್ನಾ?"

ಅದನ್ನೂ ಹುಡುಕಿದೆ. ‘ನೆಂಟರೊಡನೆ ಕುಳಿತು ಹೊಟ್ಟೆ ತುಂಬ ಉಂಡು’ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಹುಡುಗಿಯರ ಸಾಲಿನಲ್ಲಿ ಕಿಸಕ್ಕನೆ ನಗು ಎದ್ದಿತು.

"ಅಂಗಾರೆ ಅದು ತ್ಯಾಗ ಅಲ್ಲ ಸಾರ್. ಆವಮ್ಮಂಗೆ ಬ್ಯಾರೆ ದಾರಿ ಇರ್ಲಿಲ್ಲ ಅಷ್ಟೇ."

ಅಲ್ಲಿಗೆ ನನ್ನ ತಗ್ಗಿಸಿದ ಧ್ವನಿ ವ್ಯರ್ಥವಾಯಿತು. ಮುಂದಿನ ಕಿರುಪರೀಕ್ಷೆಯಲ್ಲಿ ಅರ್ಧ ತರಗತಿ ಗಂಡನನ್ನು ತರಾಟೆಗೆ ತೆಗೆದುಕೊಂಡಿತ್ತು. ಇನ್ನೊಂದು ಪ್ರಶ್ನೆ ‘ಈ ಕತೆಯ ಲೇಖಕರನ್ನು ಪರಿಚಯಿಸಿ’ ಎಂದಿತ್ತು. ಹುಟ್ಟಿದ ಊರು, ಬರೆದ ಪುಸ್ತಕ, ಬಂದ ಪ್ರಶಸ್ತಿ ಎಲ್ಲವನ್ನೂ ಸರಿಯಾಗಿ ಬರೆದ ಒಬ್ಬ ಹುಡುಗಿ ಕೊನೆಗೆ ಒಂದು ಸಾಲು ಸೇರಿಸಿದ್ದಳು. ‘ಇವರು ಅಡುಗೆ ಮಾಡುತ್ತಿರಲಿಲ್ಲ.’

೩. ಬೇವಿನ ಕಟ್ಟೆಯ ಭಾಷಣ

ಪುಸ್ತಕದಲ್ಲಿ ಒಬ್ಬ ಹಿರಿಯರ ಭಾಷಣವೂ ಇದೆ. ಓದು ಮುಗಿಸಿ ಹೊರಡುವ ವಿದ್ಯಾರ್ಥಿಗಳಿಗೆ ಮಾಡಿದ ಭಾಷಣ. ನಿಮ್ಮ ಓದಿನ ಹಿಂದೆ ಓದದವರ ದುಡಿಮೆ ಇದೆ, ಅದನ್ನು ಮರೆಯಬೇಡಿ ಎಂಬುದು ಅದರ ಸಾರ. ಮಕ್ಕಳಿಗೆ ಅದು ಎಂದೂ ಹತ್ತುವುದಿಲ್ಲ. ಎರಡನೆಯ ಪುಟಕ್ಕೆ ಆಕಳಿಕೆ ಶುರು.

ಅಕ್ಕ ಸಣ್ಣ ವಯಸ್ಸಿನಲ್ಲಿ ಸಿರಿಗೆರೆ ಕಡೆಯ ನೆಂಟರ ಮನೆಗೆ ಹೋದಾಗೆಲ್ಲ ದೊಡ್ಡ ಸಭೆಗಳಲ್ಲಿ ಊಟ ಬಡಿಸಲು ನಿಲ್ಲುತ್ತಿದ್ದರಂತೆ. ಹಾಗಾಗಿ ಭಾಷಣದ ವಿಷಯದಲ್ಲಿ ಅವರಿಗೆ ನನಗಿಂತ ಹೆಚ್ಚು ಅನುಭವ.

"ಸಾರ್, ಇದು ಊಟಕ್ಕಿಂತ ಮುಂಚೆ ಮಾಡಿದ್ದಾ, ಆದ್ಮೇಲಾ?"

"ಪುಸ್ತಕದಲ್ಲಿ ಕೊಟ್ಟಿಲ್ಲ ಅಕ್ಕ."

"ಮುಂಚೆ ಮಾಡಿರ್ತಾರೆ. ಹಸ್ದೋರನ್ನ ಕುಂದ್ರಿಸ್ಕಂಡು ಮಾತಾಡಾರಿಗೆ ಇಷ್ಟು ಜೀವ ಇರ್ಬೇಕು. ಇದ್ನ ನೀವು ಕುರ್ಚಿ ಮ್ಯಾಲೆ ಕುಂತು ಓದಿದ್ರೆ ಹೆಂಗೆ ಸಾರ್? ನಿಂತು ಹೇಳ್ಬೇಕು, ಬಯಲಾಗೆ."

ಸರಿ, ಮರುದಿನ ತರಗತಿಯನ್ನು ಬೇವಿನ ಮರದ ಕೆಳಗೆ ಕರೆದುಕೊಂಡು ಹೋದೆ. ದೊಡ್ಡ ಗಂಟಲಿನ ಒಬ್ಬ ಹುಡುಗಿ ಕಟ್ಟೆ ಹತ್ತಿ, ಪುಸ್ತಕ ಹಿಡಿದು ಭಾಷಣ ಶುರು ಮಾಡಿದಳು. ಎರಡನೆಯ ಪುಟಕ್ಕೆ ಆಕಳಿಕೆ ಬರಲಿಲ್ಲ. ಮೂರನೆಯ ಪುಟಕ್ಕೆ ಕಾಂಪೌಂಡಿನ ಆಚೆ ಕುರಿ ಹೊಡೆದುಕೊಂಡು ಹೋಗುತ್ತಿದ್ದವರು ನಿಂತರು. ಕೊನೆಗೆ ಚಪ್ಪಾಳೆ ಬಿದ್ದಿದ್ದು, ಇಲ್ಲೇ ಬೀಳುತ್ತದೆ ಎಂದು ಅಕ್ಕ ಹಿಂದಿನ ದಿನ ಬೆರಳಿಟ್ಟು ತೋರಿಸಿದ್ದ ಸಾಲಿನಲ್ಲೇ. ಹನ್ನೊಂದು ವರ್ಷದಲ್ಲಿ ಆ ಪಾಠ ಮೊದಲ ಸಲ ಉಸಿರಾಡಿತ್ತು.

ಗೇಟಿನ ಬಳಿ ಒಬ್ಬ ಅಜ್ಜ ನನ್ನನ್ನು ಹಿಡಿದುಕೊಂಡ. "ಮೇಷ್ಟ್ರೇ, ಪುಸ್ತಕದಾಗೆ ಇಂಗೆ ಮಾತಾಡಿದ್ದು ಯಾರ್ರಿ? ಆ ಯಪ್ಪ ಎಲೆಕ್ಷನ್‌ಗೆ ನಿಂತ್ರೆ ನಮ್ಮ ಮನೆ ವೋಟೆಲ್ಲ ಅವ್ರಿಗೇಯ."

"ಅವರು ತೀರಿಕೊಂಡು ಬಹಳ ಕಾಲ ಆಯ್ತು ಅಜ್ಜ."

ಅಜ್ಜ ಕೋಲು ಎತ್ತಿಕೊಂಡು ಕುರಿಗಳ ಕಡೆ ತಿರುಗಿದ. "ನಂಗೆ ಆಗ್ಲೇ ಅನುಮಾನ ಬಂತು ಬಿಡ್ರಿ. ಬದ್ಕಿರೋರು ಯಾರೂ ಇಂಗೆ ಮಾತಾಡಲ್ಲ."

೪. ಹೊಳಲ್ಕೆರೆಯ ಸುಮ

ಪರೀಕ್ಷೆಗೆ ಎರಡು ತಿಂಗಳಿರುವಾಗ ಅಕ್ಕನಿಗೆ ಒಂದು ಮಾದರಿ ಪ್ರಶ್ನೆಪತ್ರಿಕೆ ಕೊಟ್ಟೆ. ಅದರಲ್ಲಿ ಪತ್ರಲೇಖನ ಹೀಗಿತ್ತು. ‘ನಿಮ್ಮನ್ನು ಹೊಳಲ್ಕೆರೆಯ ವಿದ್ಯಾರ್ಥಿನಿಲಯದಲ್ಲಿರುವ ಸುಮ ಎಂದು ಭಾವಿಸಿಕೊಂಡು, ಶಾಲಾ ಪ್ರವಾಸಕ್ಕೆ ಅನುಮತಿ ಕೋರಿ ಬಿ.ದುರ್ಗದಲ್ಲಿರುವ ನಿಮ್ಮ ತಂದೆಗೆ ಪತ್ರ ಬರೆಯಿರಿ.’

ಪೇಪರ್ ತಿದ್ದಲು ಕೂತೆ. ‘ತೀರ್ಥರೂಪು ತಂದೆಯವರಿಗೆ ನಿಮ್ಮ ಮಗಳು ಸುಮ ಮಾಡುವ ನಮಸ್ಕಾರಗಳು’ ಎಂಬಲ್ಲಿಯವರೆಗೆ ಎಲ್ಲ ಕ್ರಮಬದ್ಧ. ಮುಂದೆ ಹೀಗಿತ್ತು. ‘ಇಲ್ಲಿ ಸಾರು ನೀರಾಗಿರುತ್ತದೆ. ಆದರೆ ಅದು ಅಡುಗೆಯವರ ತಪ್ಪಲ್ಲ. ಬೇಳೆ ಕೊಟ್ಟರೆ ತಾನೆ ಹಾಕುವುದು. ಅವರು ಬೆಳಗ್ಗೆಯೇ ಎದ್ದು ಹೊಗೆಯಲ್ಲಿ ನಿಲ್ಲುತ್ತಾರೆ. ಮಕ್ಕಳು ತಟ್ಟೆಯಲ್ಲಿ ಬಿಟ್ಟಾಗ ಅವರಿಗೆ ಎಷ್ಟು ಬೇಜಾರಾಗುತ್ತದೆ ಎಂದು ಯಾರೂ ಯೋಚಿಸುವುದಿಲ್ಲ.’ ಹೀಗೇ ಒಂದೂವರೆ ಪುಟ. ಓದುತ್ತ, ಆ ದಿನ ಮಧ್ಯಾಹ್ನ ನಾನು ತಟ್ಟೆಯಲ್ಲಿ ಬಿಟ್ಟಿದ್ದ ಅನ್ನ ನೆನಪಾಗಿ ನನ್ನ ಮುಖ ಸಣ್ಣದಾಯಿತು.

ಪ್ರವಾಸದ ಸುದ್ದಿ ಕೊನೆಯ ಸಾಲಿನಲ್ಲಿ ಬಂದಿತ್ತು. ‘ಪ್ರವಾಸಕ್ಕೆ ಎಲ್ಲರೂ ಹೋಗುತ್ತಿದ್ದಾರೆ. ನಾನು ಬರುವುದಿಲ್ಲ ಎಂದು ಹೇಳಿದ್ದೇನೆ. ಅಡುಗೆಗೆ ಜನ ಇಲ್ಲ.’

೫. ಮೇಷ್ಟ್ರ ಉಪ್ಪಿಟ್ಟು

ನನಗೆ ನಿಜವಾಗಿ ಭಯ ಹತ್ತಿತು. ಈಕೆಯಷ್ಟು ಚೆನ್ನಾಗಿ ಪಾಠ ಅರ್ಥ ಮಾಡಿಕೊಂಡವರನ್ನು ನಾನು ಕಂಡಿಲ್ಲ, ಆದರೆ ಹೀಗೇ ಬರೆದರೆ ಮತ್ತೆ ಫೇಲಾಗುವುದು ಖಂಡಿತ. ಆಮೇಲೆ ನಾದಿನಿಯ ಬಾಯಿಗೆ ಇನ್ನಿಪ್ಪತ್ತು ವರ್ಷಕ್ಕೆ ಸಾಕಾಗುವಷ್ಟು ಸಿಗುತ್ತದೆ. ಕೂರಿಸಿಕೊಂಡು ಹೇಳಿದೆ.

"ಅಕ್ಕ, ಪರೀಕ್ಷೆಯಲ್ಲಿ ನಿಮಗೆ ಏನು ಅನಿಸಿತು ಅಂತ ಬರೀಬೇಡಿ. ನನ್ನ ನೋಟ್ಸ್‌ನಲ್ಲಿ ಏನಿದೆಯೋ ಅದು. ರೊಟ್ಟಿ ಕತೆ ಬಂದರೆ?"

"ತ್ಯಾಗ."

"ಗಂಡ?"

"ಅವ್ನ ಸುದ್ದಿ ಎತ್ತಲ್ಲ ಸಾರ್." ಉಪ್ಪಿನ ಡಬ್ಬಿಯ ಮೇಲೆ ಕೈಯಿಟ್ಟು ಮಾತು ಕೊಟ್ಟರು.

ಜೂನ್ ತಿಂಗಳಲ್ಲಿ ಪರೀಕ್ಷೆ, ಹಿರಿಯೂರಿನಲ್ಲಿ. ಅಕ್ಕ ಇಸ್ತ್ರಿ ಸೀರೆ ಉಟ್ಟು, ಮಗಳ ಪೆನ್ನು ತೆಗೆದುಕೊಂಡು ಬೆಳಗಿನ ಬಸ್ಸು ಹತ್ತಿದರು. ಆ ದಿನ ಬಿಸಿಯೂಟದ ಜವಾಬ್ದಾರಿ ನನ್ನ ಮತ್ತು ವಿಜ್ಞಾನದ ಮೇಷ್ಟ್ರ ಹೆಗಲಿಗೆ ಬಿತ್ತು. ಉಪ್ಪಿಟ್ಟು ಮಾಡುವುದೆಂದು ತೀರ್ಮಾನವಾಯಿತು. ರವೆಗೆ ಎಷ್ಟು ನೀರು ಎಂಬ ಬಗ್ಗೆ ವಿಜ್ಞಾನದವರಿಗೆ ಒಂದು ಸಿದ್ಧಾಂತವಿತ್ತು. ಆ ಸಿದ್ಧಾಂತದ ಫಲವನ್ನು ಪಾತ್ರೆಯಿಂದ ಬಿಡಿಸಲು ಇಬ್ಬರು ಬೇಕಾದರು.

ಮಕ್ಕಳು ತುತ್ತಿಗೊಮ್ಮೆ ನೀರು ಕುಡಿಯುತ್ತ ತಿಂದರು. ಊಟ ಮುಗಿದ ಮೇಲೆ ಎಂಟನೆಯ ತರಗತಿಯವರು ತಾವಾಗಿಯೇ ಸಾಲಾಗಿ ನಿಂತು ಕೈಮುಗಿಯುವುದನ್ನು ಕಂಡೆ. ಅಕ್ಕನ ಮೇಲೆ ಎಷ್ಟು ಪ್ರೀತಿ ಎಂದುಕೊಂಡೆ. ಹತ್ತಿರ ಹೋದಾಗ ಪ್ರಾರ್ಥನೆ ಕೇಳಿಸಿತು.

"ದೇವ್ರೇ, ಅಕ್ಕ ಒಂದೇ ಸಲಕ್ಕೆ ಪಾಸಾಗ್ಲಿ. ಇನ್ನೊಂದು ಸಲ ಉಪ್ಪಿಟ್ಟು ಬ್ಯಾಡ."

೬. ನಕಲು ಪ್ರತಿ

ಸಂಜೆ ಬಸ್ಸಿಳಿದ ಅಕ್ಕನ ಮುಖ ಸಪ್ಪಗಿತ್ತು.

"ರೊಟ್ಟಿ ಕತೆ ಬಂದಿತ್ತು ಸಾರ್. ನಿಮ್ಮ ನೋಟ್ಸು ಒಂದಕ್ಷರ ಬಿಡ್ದೆ ಬರ್ದೆ. ಆದ್ರೆ ಭಾಷಣದ ಪ್ರಶ್ನೆ ಬಂದಾಗ ಮಾತು ತಪ್ಪಿದೆ. ನಿಮ್ಮ ನೋಟ್ಸು ಮರ್ತೋತು, ನಂದು ನೆಪ್ಪಾತು."

"ಎಷ್ಟು ಬರೆದ್ರಿ?"

"ಒಂದು ಪುಟ."

ಫಲಿತಾಂಶ ಬರುವವರೆಗೆ ನನಗೆ ಊಟ ರುಚಿಸಲಿಲ್ಲ. ಮೇಷ್ಟ್ರಾಗಿ ಇಷ್ಟು ವರ್ಷದಲ್ಲಿ ಒಬ್ಬರ ಒಂದು ಪೇಪರ್‌ಗಾಗಿ ನಾನು ಇಷ್ಟು ಹೆದರಿದ್ದಿಲ್ಲ. ಫಲಿತಾಂಶದ ದಿನ ಹೆಡ್‌ಮೇಷ್ಟ್ರ ಮೊಬೈಲಿನಲ್ಲಿ ನೋಂದಣಿ ಸಂಖ್ಯೆ ಹಾಕಿದೆವು. ಅಕ್ಕ ಪಾಸು. ಚೆನ್ನಾಗಿಯೇ ಪಾಸು. ಅಕ್ಕ ಸೌಟು ಹಿಡಿದುಕೊಂಡೇ ನೆಲದ ಮೇಲೆ ಕೂತು ಅತ್ತರು. ಮಗಳು ಓಡಿಬಂದು ತಬ್ಬಿಕೊಂಡಳು. ನಾನೂ ಆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡೆ, ಅದನ್ನು ಮುಚ್ಚಿಡುವುದೇನಿದೆ. ಮಾರನೆಯ ದಿನ ನಾದಿನಿ ಸ್ವತಃ ಒಂದು ಡಬ್ಬಿ ಹೋಳಿಗೆ ತಂದು ಸ್ಟಾಫ್ ರೂಮಿಗೆ ಕೊಟ್ಟು ಹೋದಳು.

ಅಷ್ಟಕ್ಕೇ ಬಿಡಬೇಕಿತ್ತು. ನಾನು ಬಿಡಲಿಲ್ಲ. ಭಾಷಣದ ಪ್ರಶ್ನೆಗೆ ಅಕ್ಕ ಏನು ಬರೆದಿದ್ದಾರೆ ಎಂದು ನೋಡುವ ಆಸೆ. ಅರ್ಜಿ ಹಾಕಿಸಿ ಉತ್ತರ ಪತ್ರಿಕೆಯ ನಕಲು ತರಿಸಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ, ಅಕ್ಕ ಬಡಿಸುತ್ತಿರುವಾಗ, ಎಲ್ಲರ ಮುಂದೆ ಜೋರಾಗಿ ಓದಿದೆ.

‘ಈ ಭಾಷಣವನ್ನು ನಿಂತು ಕೇಳಬೇಕು. ಇವರು ಮುಂದೆ ಕೂತ ಮಕ್ಕಳನ್ನು ಬೈಯಲಿಲ್ಲ. ಬೈದಿದ್ದರೆ ಮಕ್ಕಳು ಊಟದ ಕಡೆ ನೋಡುತ್ತಿದ್ದರು. ನೀವು ಮಾಡುತ್ತೀರಿ ಎಂದು ನಂಬಿ ಹೇಳಿದರು. ಓದದವರು ದುಡಿದಿದ್ದಾರೆ ಎಂದು ಇವರು ಹೇಳಿದಾಗ ಆ ಸಭೆಗೆ ಅಡುಗೆ ಮಾಡಿದವರು ಬಾಗಿಲಿನಲ್ಲಿ ನಿಂತು ಕೇಳಿರುತ್ತಾರೆ.’

ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ನಾಲ್ಕಕ್ಕೆ ನಾಲ್ಕು. ಅದನ್ನು ತಿದ್ದಿದವರು ಯಾರೋ ಗೊತ್ತಿಲ್ಲ, ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಆಗ ವಿಜ್ಞಾನದವರು ಪುಟ ತಿರುವಿದರು. ಉಪ್ಪಿಟ್ಟಿನ ತಪ್ಪನ್ನೆಲ್ಲ ನಾನು ಅವರ ಸಿದ್ಧಾಂತದ ತಲೆಗೆ ಕಟ್ಟಿದಂದಿನಿಂದ ಅವರು ಇಂಥ ಒಂದು ಅವಕಾಶಕ್ಕೇ ಕಾಯುತ್ತಿದ್ದರು. "ರೊಟ್ಟಿ ಕತೆಗೆ ಎಷ್ಟು ಬಂದಿದೆ ನೋಡೋಣ."

ಅಲ್ಲಿ ನನ್ನ ನೋಟ್ಸ್ ಅಕ್ಷರಕ್ಕಕ್ಷರ ಇತ್ತು. ತ್ಯಾಗವಿತ್ತು, ತಗ್ಗಿಸಿದ ಧ್ವನಿಯೂ ಇದ್ದ ಹಾಗಿತ್ತು. ಅಂಚಿನಲ್ಲಿ ನಾಲ್ಕಕ್ಕೆ ಎರಡು.

ನನಗೆ ತಡೆಯಲಾಗಲಿಲ್ಲ. "ಇದು ಅನ್ಯಾಯ ಅಕ್ಕ. ಮರುಮೌಲ್ಯಮಾಪನಕ್ಕೆ ಹಾಕೋಣ."

ಅಕ್ಕ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ, ಬಲು ಕನಿಕರದಿಂದ ಹೇಳಿದರು. "ಬ್ಯಾಡ್ರಿ ಸಾರ್. ಈಗ್ಲಾದ್ರೆ ನೀವು ಅರ್ಧಕ್ಕೆ ಪಾಸಾಗೀರಿ. ಇನ್ನೊಬ್ರು ತಿದ್ದಿದ್ರೆ ಅದೂ ಹೋದೀತು."