ಹೂಂಗುಟ್ಟಿದ ಹಲಗೆ

ನಾಲ್ಕನೆಯ ತಂತಿಯನ್ನು ಅಷ್ಟು ಸರಿಯಾಗಿ ಬಿಗಿಯದೇ ಹೋಗಿದ್ದರೆ ಅವನ ಭಾನುವಾರ ಎಂದಿನಂತೆ ಹೆಂಡತಿಯ ಬೈಗುಳದಲ್ಲೇ ಮುಗಿದುಹೋಗುತ್ತಿತ್ತು. ಏಳು ವರ್ಷದಿಂದ ಅವನು ಮಾಡಿದ ಗಿಟಾರು ಒಂದೂ ಸರಿಬಂದಿರಲಿಲ್ಲ. ಅದರಿಂದ ಯಾರಿಗೂ ಕೆಡುಕು ಆಗಿರಲೂ ಇಲ್ಲ. ಒಂದು ಸರಿಬಂತು ನೋಡಿ, ಗ್ರಹಚಾರ ಒಕ್ಕರಿಸಿತು.

ವಾರಕ್ಕೆ ಆರು ದಿನ ಅವನು ತೂಕ ಮತ್ತು ಅಳತೆ ಕಚೇರಿಯಲ್ಲಿ ಗುಮಾಸ್ತ. ಏಳನೆಯ ದಿನ ಹಿಂದಿನ ಕೋಣೆ ಸೇರಿ ಗಿಟಾರು ಮಾಡುತ್ತಿದ್ದ. ಮಾಡುತ್ತಿದ್ದ ಎಂದರೆ ಶುರು ಮಾಡುತ್ತಿದ್ದ. ಒಂದರ ಕುತ್ತಿಗೆ ಸೊಟ್ಟಗಾಯಿತು, ಒಂದರ ಒಡಲು ಸೀಳಿತು, ಇನ್ನೊಂದಕ್ಕೆ ತಂತಿ ಬಿಗಿಯುವ ಬಿರಡೆಗಳನ್ನು ತಿರುಗಮುರುಗ ಕೂರಿಸಿದ್ದರಿಂದ ಅದನ್ನು ಎಡಗೈಯವರೂ ನುಡಿಸುವಂತಿರಲಿಲ್ಲ, ಬಲಗೈಯವರೂ ನುಡಿಸುವಂತಿರಲಿಲ್ಲ. ಅವನ ಮನೆಯಿದ್ದ ಕಟ್ಟಡದಲ್ಲಿ ಅವನಿಗೆ 'ಅರೆಬರೆ' ಎಂದೇ ಹೆಸರು.

ಹಿಂದಿನ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಪಕ್ಕದ ಕಟ್ಟಡದ ಗೋಡೆಗೆ ಎದುರಾಗಿ. ಹಗಲಿನಲ್ಲೂ ಅಲ್ಲಿ ಬೂದಿಬಣ್ಣದ ಬೆಳಕು. ಕುತ್ತಿಗೆಯಿಲ್ಲದ ಗಿಟಾರಿನ ಒಡಲುಗಳು ಸಾಲಾಗಿ ಕೊಕ್ಕೆಗಳಿಗೆ ನೇತುಬಿದ್ದಿದ್ದವು. ಬಾಗಿಲು ತೆಗೆದ ಗಾಳಿಗೆ ಅವೆಲ್ಲ ಒಟ್ಟಿಗೆ ಮೆಲ್ಲಗೆ ತಿರುಗುತ್ತಿದ್ದವು, ಬಂದವರು ಯಾರೆಂದು ನೋಡುವ ಹಾಗೆ. ಬೇರೆಯವರಿಗೆ ಅಲ್ಲಿ ಕಾಲಿಡಲು ಮನಸ್ಸಾಗುತ್ತಿರಲಿಲ್ಲ. ಅವನಿಗೆ ಮಾತ್ರ ಭೂಮಿಯ ಮೇಲೆ ಯಾರೂ ಯಾವ ಫೈಲನ್ನೂ ಕೇಳದ ಜಾಗ ಅದೊಂದೇ.

ಆ ಜಾಗಕ್ಕೇ ಈಗ ಕುತ್ತು ಬಂದಿತ್ತು.

"ಅಣ್ಣ ಸಂಜೆ ಆರಕ್ಕೆ ಬರ್ತಾನೆ. ಇನ್ನೊಂದು ವರ್ಷ ಅವನಿಗೆ ಇದೇ ಊರಲ್ಲಿ ಕೆಲಸ" ಎಂದಳು ಹೆಂಡತಿ. "ಅಷ್ಟರಲ್ಲಿ ಕೋಣೆ ಖಾಲಿ ಆಗ್ಬೇಕು. ಎಲ್ಲಾ ಹೊರಗಿಡಿ, ನಾಳೆ ತಗೊಂಡು ಹೋಗು ಅಂತ ಗುಜರಿಯವನಿಗೆ ಹೇಳಿದ್ದೀನಿ."

"ಎಲ್ಲಾನೂ ಹಾಕಿಬಿಡ್ತೀಯಾ?"

"ನುಡಿಯೋ ಅಂಥದ್ದು ಒಂದಿದ್ರೆ ಹೇಳಿ, ಅದನ್ನ ಇಟ್ಕೊಳ್ಳೋಣ."

ಅವನು ಒಳಗೆ ಹೋಗಿ, ಕೈಯಲ್ಲಿದ್ದ ನಾಲ್ಕು ತಂತಿಯ, ತಗ್ಗು ದನಿಯ ಬೇಸ್ ಗಿಟಾರನ್ನು ಮುಗಿಸಲು ಕೂತ. ಅದರ ಮರ ಮೇಲಿನ ಮನೆಯ ಅಜ್ಜಿ ಕೊಟ್ಟದ್ದು. ಮೂರು ತಿಂಗಳ ಹಿಂದೆ ಅಜ್ಜ ತೀರಿಕೊಂಡಾಗ, "ಇವರ ಮಂಚ ನನ್ನ ಕಣ್ಣೆದುರು ಬೇಡ, ತಗೊಂಡು ಹೋಗಪ್ಪ" ಎಂದು ಅಜ್ಜಿ ಅದನ್ನು ಬಿಚ್ಚಿಸಿ ಮೆಟ್ಟಿಲ ಕೆಳಗೆ ಇಡಿಸಿದ್ದಳು. ಅರೆಬರೆ ಆ ಮಂಚದ ತಲೆಯ ಕಡೆಯ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ಗಂಟೆಯ ಹಾಗೆ ದನಿ ಬಂತು. ಐವತ್ತು ವರ್ಷ ಒಬ್ಬನೇ ಮನುಷ್ಯನ ತಲೆಯ ಹಿಂದೆ ಒಣಗಿದ ಮರ. ಅಂಥದ್ದು ಅಂಗಡಿಯಲ್ಲಿ ಎಲ್ಲಿ ಸಿಗಬೇಕು.

ಹತ್ತು ಗಂಟೆಗೆ ನಾಲ್ಕನೆಯ, ಎಲ್ಲಕ್ಕಿಂತ ಸಣ್ಣ ತಂತಿಯನ್ನು ಬಿಗಿದು, ಶ್ರುತಿ ಕೂಡಿಸಿ, ಗಿಟಾರನ್ನು ಗೋಡೆಯ ಕೊಕ್ಕೆಗೆ ತಗುಲಿಸಿದ. ಈ ಕಡೆ ತಿರುಗಿ ಕೈಗಂಟಿದ ಅಂಟನ್ನು ಉಜ್ಜಿಕೊಳ್ಳುತ್ತಿದ್ದಾಗ ಬೆನ್ನ ಹಿಂದೆ ಯಾರೋ "ಹ್ಞೂಂ" ಎಂದರು.

ತಿರುಗಿ ನೋಡಿದರೆ ಯಾರೂ ಇಲ್ಲ. ಸಣ್ಣ ತಂತಿ ಮಾತ್ರ ಮಂಜುಮಂಜಾಗಿ, ಎರಡೆರಡಾಗಿ ಕಾಣುತ್ತಿತ್ತು. ಯಾರೂ ಮುಟ್ಟದ ತಂತಿ ನಡುಗುತ್ತಿತ್ತು. ಸದ್ದು ಮುದಿ ಗಂಟಲಿನದು, ಬಾಯಿ ಮುಚ್ಚಿಕೊಂಡೇ ಹೊರಡಿಸಿದ್ದು. ಪೊರಕೆ ಹಿಡಿದು ಬಂದ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು.

"ನೀವು ನುಡಿಸ್ತಾ ಇದ್ದೀರಾ?"

ಅವನು ಎರಡೂ ಕೈ ಎತ್ತಿ ತೋರಿಸಿದ. ಪೊರಕೆ ಅವಳ ಕೈಯಿಂದ ಜಾರಿತು.

ಐದೇ ನಿಮಿಷದಲ್ಲಿ ಎದುರುಮನೆಯ ಲೆಕ್ಕದ ಮೇಷ್ಟ್ರು ಹಾಜರಾದರು. ನಿವೃತ್ತರಾದ ಮೇಲೆ ಅವರು ಬೇರೆಯವರ ಮನೆಯ ಲೆಕ್ಕಗಳನ್ನೇ ಬಿಡಿಸುತ್ತಿದ್ದದ್ದು. "ಇದು ಕಂಪನ, ರಸ್ತೇಲಿ ಲಾರಿ ಹೋಗಿರಬೇಕು" ಎಂದು ಮೇಜಿನ ಮೇಲೆ ತುಂಬಿದ ಲೋಟ ಇರಿಸಿ ಕಾದರು. ತಂತಿ ಮತ್ತೆ ಹ್ಞೂಂ ಎಂದಿತು. ಲೋಟದ ನೀರು ಮಿಸುಕಲಿಲ್ಲ. "ಹಾಗಾದ್ರೆ ಕಂಪನ ಅಲ್ಲ" ಎಂದು ಹೊಸ್ತಿಲಿನಿಂದ ಆಚೆ ಹೋದವರು ಮತ್ತೆ ಒಳಗೆ ಬರಲಿಲ್ಲ.

ಅಷ್ಟರಲ್ಲಿ ಮೇಲಿನ ಅಜ್ಜಿ ಇಳಿದು ಬಂದಳು. ಮೆಟ್ಟಿಲ ಮೇಲೇ ಅವಳಿಗೆ ದನಿ ಕೇಳಿಸಿತ್ತು.

"ಅವರೇ" ಎಂದಳು, ಪೋಸ್ಟಿನವನು ಬಂದ ಎನ್ನುವಷ್ಟು ಸಮಾಧಾನವಾಗಿ. "ಐವತ್ತು ವರ್ಷ ನಾನು ಏನು ಕೇಳಿದ್ರೂ ಇದೊಂದೇ ಉತ್ತರ." ಸ್ಟೂಲು ಎಳೆದುಕೊಂಡು ಗಿಟಾರಿನ ಎದುರು ಕೂತಳು. "ಏನ್ರೀ, ನಾನು ಕೊಟ್ಟ ಔಷಧಿನ ಬಚ್ಚಲಿಗೆ ಚೆಲ್ತಾ ಇದ್ರಿ, ಅಲ್ವಾ?"

ಅಜ್ಜಿ ಸೆರಗು ಸರಿಮಾಡಿಕೊಂಡು ಕಾದಳು. ಆಮೇಲೆ, "ಹ್ಞೂಂ."

"ನೋಡಿ, ಬದುಕಿದ್ದಾಗ ಒಪ್ಪಲಿಲ್ಲ" ಎಂದಳು ಅಜ್ಜಿ ಎಲ್ಲರ ಕಡೆ ತಿರುಗಿ.

ಅರೆಬರೆಗೆ ಬಾಯಾರಿತ್ತು. ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದ. ಅದರ ಬಲ್ಬು ಹೋಗಿ ಎಷ್ಟೋ ವರ್ಷವಾಗಿದ್ದರಿಂದ ಕತ್ತಲಲ್ಲೇ ಬಾಟಲಿಗೆ ತಡಕಾಡುತ್ತ ಒಂದೆರಡು ನಿಮಿಷ ನಿಂತ. ಫ್ರಿಜ್ಜಿನ ಮೋಟಾರು ಗುರ್ ಎಂದು ಶುರುವಾಯಿತು. ಅದೇ ಗಳಿಗೆಗೆ ಗೋಡೆಯಾಚೆ ತಂತಿ ಹ್ಞೂಂ ಎಂದಿತು. ಬಾಗಿಲು ಮುಚ್ಚಿ ಕಾದ. ಮೋಟಾರು ನಿಂತಿತು. ತಂತಿಯೂ ನಿಂತಿತು.

ಫ್ರಿಜ್ಜು ಈ ಕಡೆ, ಗಿಟಾರು ಆ ಕಡೆ, ನಡುವೆ ಒಂದೇ ಗೋಡೆ. ಫ್ರಿಜ್ಜಿನ ಗುರ್ ಎನ್ನುವ ಶ್ರುತಿಯೂ ಸಣ್ಣ ತಂತಿಯ ಶ್ರುತಿಯೂ ಒಂದೇ ಆಗಿದ್ದವು. ಹಾಗಿರುವಾಗ ಒಂದು ಮಿಡಿದರೆ ಇನ್ನೊಂದು ತಾನಾಗಿ ಮಿಡಿಯುತ್ತದೆ. ವಾದ್ಯ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ. ಅವನಿಗೆ ಹೋದ ಜೀವ ಬಂದಂತಾಯಿತು. ಹೇಳಿಬಿಡೋಣವೆಂದು ಓಡಿ ಬಂದು ಬಾಯಿ ತೆರೆದ.

"ಇನ್ನು ಈ ಕೋಣೇಲಿ ಯಾರು ಮಲಗ್ತಾರಮ್ಮ?" ಎಂದು ಮೇಷ್ಟ್ರು ಹೊರಗಿನಿಂದ ಕೇಳುತ್ತಿದ್ದರು.

"ಅಣ್ಣ ಅಂತೂ ಸತ್ರೂ ಮಲಗಲ್ಲ" ಎಂದಳು ಹೆಂಡತಿ, ಅಳು ಬರುವ ದನಿಯಲ್ಲಿ.

ಅದು ನಿಜವಾಗಿತ್ತು. ಭಾವ ಅಗ್ನಿಶಾಮಕ ದಳದ ಅಧಿಕಾರಿ. ಉರಿಯುವ ಮೂರಂತಸ್ತಿನ ಕಟ್ಟಡಕ್ಕೆ ನುಗ್ಗುವ ಆಳು, ಕರೆಂಟು ಹೋದರೆ ಬಚ್ಚಲಿಗೆ ಜೊತೆ ಬೇಕು ಎನ್ನುತ್ತಿದ್ದ. ಅರೆಬರೆ ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡ.

ಅಲ್ಲಿಂದ ಅವನಿಗೆ ಕೈತುಂಬ ಕೆಲಸ. ಸುದ್ದಿ ಕೇಳಿ ಮೇಲಿನವರು, ಕೆಳಗಿನವರು, ಅವರ ನೆಂಟರು ಎಲ್ಲ ಬರತೊಡಗಿದರು. ಬಂದವರು ಕೋಣೆಗೆ ಹೊಕ್ಕರೆ ಇವನು ಅಡುಗೆಮನೆಗೆ ಹೊಗುತ್ತಿದ್ದ. ಫ್ರಿಜ್ಜಿನ ಬಾಗಿಲು ತೆಗೆದು ನೂರರವರೆಗೆ ಎಣಿಸಿದರೆ ಮೋಟಾರು ಶುರು. ಸುಮ್ಮನೆ ನಿಂತರೆ ಅನುಮಾನ ಬರುತ್ತದೆಂದು ಪ್ರತಿ ಸಲವೂ ಒಂದು ಲೋಟ ನೀರು.

"ಬೆಳಗ್ಗೆಯಿಂದ ಹನ್ನೊಂದು ಸಲ ಕುಡಿದ್ರಿ. ಮೈ ಸರಿ ಇದೆಯಾ?" ಎಂದಳು ಹೆಂಡತಿ.

"ಹೆದರಿಕೆಗೆ ಬಾಯಿ ಒಣಗುತ್ತೆ ಕಣೇ" ಎಂದ. ಹಲ್ಲು ಜುಮುಜುಮು ಎನ್ನುತ್ತಿದ್ದವು. ಹೊಟ್ಟೆಯೊಳಗೆ ನೀರು ಕುಲುಕಾಡುತ್ತಿತ್ತು.

ಎರಡು ಗಂಟೆಗೆ ಮೇಷ್ಟ್ರಿಗೆ ಬುದ್ಧಿ ಓಡಿತು. "ಆ ಸಣ್ಣ ತಂತಿ ಸಡಿಲಿಸಿ ನೋಡೋಣ" ಎಂದು ಹೊಸ್ತಿಲಾಚೆಯಿಂದಲೇ ಕೋಲು ಚಾಚಿದರು. ಅರೆಬರೆ ಅಡ್ಡ ಬಂದ. "ಸಡಿಲಿಸಬಹುದು ಮೇಷ್ಟ್ರೇ. ಆದ್ರೆ ಅಲ್ಲಿಂದ ಬಿಟ್ಟು ಬೇರೆ ಯಾರನ್ನಾದ್ರೂ ಹಿಡ್ಕೊಂಡ್ರೆ?" ಎಂದ. ಕೋಲು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ಎರಡೂವರೆಗೆ ಅಜ್ಜಿ, "ಎಲ್ಲರೂ ಸ್ವಲ್ಪ ಹೊರಗೆ ಹೋಗಿ, ಅವರ ಹತ್ರ ಒಂದು ಮಾತು ಕೇಳ್ಬೇಕು" ಎಂದಳು. ಅರೆಬರೆ ವಾಡಿಕೆಯಂತೆ ಫ್ರಿಜ್ಜಿನ ಹಿಡಿಗೆ ಕೈಹಾಕಿದ. ಗೋಡೆಯಾಚೆಯ ಮಾತು ಸಣ್ಣಗೆ ಕೇಳುತ್ತಿತ್ತು.

"ಕೊನೇ ಗಳಿಗೇಲಿ ನಾನು ಪಕ್ಕದಲ್ಲಿರಲಿಲ್ಲ. ಹಾಲು ತರೋಕೆ ಹೋಗಿದ್ದೆ. ನಿಮಗೆ ಬೇಜಾರಾಯ್ತಾ?"

ಅವನು ಹಿಡಿಯಿಂದ ಕೈ ತೆಗೆದ. ಆ ಪ್ರಶ್ನೆಗೆ ಹ್ಞೂಂ ಎನ್ನಿಸುವಷ್ಟು ಪಾಪಿ ಅವನಲ್ಲ. ಗೋಡೆಯಾಚೆ ಎಷ್ಟು ಹೊತ್ತಾದರೂ ಸದ್ದಿಲ್ಲ. ಕೊನೆಗೆ ಅಜ್ಜಿ ಮೂಗು ಒರೆಸಿಕೊಂಡು ನಗುವುದು ಕೇಳಿಸಿತು. "ಆಯ್ತು ಬಿಡಿ. ಇಲ್ಲ ಅನ್ನೋದಿದ್ರೆ ಮಾತ್ರ ನೀವು ಸುಮ್ಮನೆ ಇರ್ತಿದ್ರಿ." ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಭಾವ ಬಂದು ಹೆದರಿ ಹೋಗಲಿ, ನಾಳೆ ಅಜ್ಜಿಗೆ ಎಲ್ಲ ಹೇಳಿ ಕಾಲು ಹಿಡಿಯೋಣ ಎಂದುಕೊಂಡ. ಒಂದು ಗುಕ್ಕು ನೀರೂ ಇನ್ನು ಬೇಡವೆಂದು ಸಂಜೆಯವರೆಗೆ ಹೊರಗಿನ ಮೆಟ್ಟಿಲ ಮೇಲೆ ಕೂತ.

ಆರಕ್ಕೆ ಸರಿಯಾಗಿ ಭಾವ ಬಂದ. ಎರಡು ಟ್ರಂಕು, ಒಂದು ಮೀಸೆ. ಹೆಂಡತಿ ಬಿಕ್ಕುತ್ತ ವಿಷಯ ಹೇಳಿದಳು. ಮೇಷ್ಟ್ರು ನಡುನಡುವೆ ಅಂಕಿಅಂಶ ಕೂಡಿಸಿದರು.

"ಬೆಂಕಿಗೇ ಹೆದರದೋನು, ಹಲಗೆಗೆ ಹೆದರ್ತೀನಾ?" ಎಂದು ಭಾವ ಎಲ್ಲರೆದುರು ಎದೆಯುಬ್ಬಿಸಿ ಹಿಂದಿನ ಕೋಣೆಗೆ ನಡೆದ. ಸಂಜೆಯ ಬೆಳಕು ಕಿಟಕಿಯಲ್ಲೇ ಬತ್ತಿತ್ತು. ಕೊಕ್ಕೆಗಳಲ್ಲಿದ್ದ ಒಡಲುಗಳು ಒಟ್ಟಿಗೆ ಅವನತ್ತ ತಿರುಗಿದವು. ಅರೆಬರೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಕಣ್ಣು ಭಾವನ ಬೆನ್ನ ಮೇಲಿಟ್ಟು, ಹಿಂದಕ್ಕೆ ಕೈ ಚಾಚಿ ಫ್ರಿಜ್ಜಿನ ಬಾಗಿಲನ್ನು ಮೆಲ್ಲಗೆ ಎಳೆದ.

"ಏನು ಗವಿ ಇದು" ಎಂದ ಭಾವ, ದನಿ ಆಗಲೇ ಸ್ವಲ್ಪ ಸಣ್ಣಗಾಗಿತ್ತು. "ಇಲ್ಲಿ ಯಾರಾದ್ರೂ ಮಲಗ್ತಾರಾ?"

ಈ ಸಲ ನೂರರವರೆಗೆ ಎಣಿಸಬೇಕಾಗಲಿಲ್ಲ.

"ಹ್ಞೂಂ."

ಬೆಳಗಿನಿಂದ ಬಂದ ಯಾವ ಹ್ಞೂಂಗಿಂತಲೂ ಅದು ಉದ್ದವಾಗಿತ್ತು. ಕೊನೆಗೆ ಸಣ್ಣದೊಂದು ಕೆಮ್ಮಿನಂತೆ ತುಂಡಾಯಿತು. ಭಾವ ಹೊರಬಂದ ರಭಸಕ್ಕೆ ಟ್ರಂಕು ಒಂದು ಕಡೆ, ಮೇಷ್ಟ್ರು ಒಂದು ಕಡೆ. ನಡುಮನೆಯ ಕುರ್ಚಿಯಲ್ಲಿ ಕೂತವನಿಗೆ ನೀರು ಕುಡಿಸಬೇಕಾಯಿತು.

ಹೆಂಡತಿ ಅಲ್ಲೇ ತೀರ್ಮಾನ ಮಾಡಿದಳು. "ಅಣ್ಣ ನಮ್ಮ ಕೋಣೇಲಿ ಮಲಗ್ಲಿ. ನಾನು ಮೇಲೆ ಅಜ್ಜಿ ಮನೇಲಿ ಮಲಗ್ತೀನಿ. ನೀವು ಹಿಂದಿನ ಕೋಣೇಲಿ. ಈ ಮನೇಲಿ ಹೆದರಿಕೊಂಡಾದ್ರೂ ಓಡಾಡಿಕೊಂಡಿದ್ದೋರು ನೀವೊಬ್ರೇ. ಒಂದು ವರ್ಷ ತಾನೇ."

ಅರೆಬರೆ ಮುಖ ಸಪ್ಪೆ ಮಾಡಿಕೊಂಡು ತಲೆಯಾಡಿಸಿದ. ಒಳಗೊಳಗೆ ಕುಣಿಯುವಷ್ಟು ಸಂತೋಷ. ಒಂದು ವರ್ಷ ಹಗಲು ಅವನದು, ರಾತ್ರಿಯೂ ಅವನದು. ಯಾವ ಗುಜರಿಯವನೂ ಈ ಬಾಗಿಲು ಮುಟ್ಟಲಾರ. ಚಾಪೆ, ಹಾಸಿಗೆ ತಂದು ಕೊಕ್ಕೆಗಳ ಕೆಳಗೆ, ಗೋಡೆಗೆ ಒತ್ತಿ ಹಾಸಿದ. ಫ್ರಿಜ್ಜಿನ ಪ್ಲಗ್ ಕಿತ್ತುಬಿಟ್ಟರೆ ಕೂಗುವ ಕಾಟವೂ ಇಲ್ಲ ಎಂದುಕೊಂಡು ಅಡುಗೆಮನೆಗೆ ಹೋದ.

ಪ್ಲಗ್ಗು ಫ್ರಿಜ್ಜಿನ ನೆತ್ತಿಯ ಮೇಲೆ ಸುತ್ತಿಟ್ಟಿತ್ತು. ಕೆಳಗೆ ಹಾಸಿದ್ದ ಹಳೆಯ ಬಟ್ಟೆ ಒದ್ದೆಯಾಗಿತ್ತು.

"ಇದನ್ನ ಯಾವಾಗ ತೆಗೆದೆ?"

"ಮೂರು ಗಂಟೆಗೇ ತೆಗೆದಿಟ್ಟೆ, ಐಸ್ ಕರಗಲಿ ಅಂತ" ಎಂದಳು ಹೆಂಡತಿ ನೆಲ ಒರೆಸುತ್ತ. "ಅಣ್ಣಂಗೆ ಸಾಮಾನು ಇಡೋಕೆ ಜಾಗ ಬೇಡ್ವಾ? ಆರು ಗಂಟೆಗೆ ನೀವು ಬಾಗಿಲು ತೆಗೆದು ಹಿಡ್ಕೊಂಡು ನಿಂತಿದ್ದು ಯಾಕೆ? ಒಳಗೆ ಏನೂ ಇರಲಿಲ್ಲವಲ್ಲ."

ಅವನು ಮೂರರಿಂದ ಮುಂದೆ ಎಣಿಸಿದ. ಬೆರಳು ಮಡಿಸಿ ಎಣಿಸಿದ. ಹೇಗೆ ಎಣಿಸಿದರೂ ಆರು ಮೂರರ ಆಮೇಲೆಯೇ ಬರುತ್ತಿತ್ತು.

ಮೇಷ್ಟ್ರನ್ನು ಕರೆಯೋಣವೆಂದರೆ ಅವರ ಮನೆಯ ಬಾಗಿಲು ಒಳಗಿನಿಂದ ಭದ್ರವಾಗಿತ್ತು. ಭಾವ ಕೋಣೆಯ ಚಿಲಕ ಹಾಕಿಕೊಂಡಾಗಿತ್ತು. ಅರೆಬರೆ ಹಾಸಿಗೆ ಸುತ್ತಿಕೊಂಡು ಓಡುವುದೆಂದು ಹಿಂದಿನ ಕೋಣೆಗೆ ಬಂದರೆ, ಅಜ್ಜಿ ಅಲ್ಲಿ ಬಗ್ಗಿ ನಿಂತು ಅವನ ದಿಂಬನ್ನು ಈಚೆ ಸರಿಸುತ್ತಿದ್ದಳು. ಗೋಡೆಯ ಬದಿಗೆ ಇನ್ನೊಂದು ದಿಂಬು ಇಟ್ಟಾಗಿತ್ತು. ಹಳೆಯದು, ನಡುವೆ ತಗ್ಗು ಬಿದ್ದದ್ದು.

"ತಪ್ಪು ತಿಳ್ಕೋಬೇಡಪ್ಪ" ಎಂದಳು. "ಅವರಿಗೆ ಗೋಡೆ ಬದಿಯೇ ಆಗ್ಬೇಕು. ಐವತ್ತು ವರ್ಷದ ಅಭ್ಯಾಸ. ನೀನು ಈ ಕಡೆ ಮಲಕ್ಕೋ. ಅಲ್ವೇನ್ರೀ?"

"ಹ್ಞೂಂ" ಎಂದಿತು ಗೋಡೆ ಬದಿಯಿಂದ.

ಅರೆಬರೆ ಹಾಸಿಗೆಯನ್ನು ಗೋಡೆಯಿಂದ ಈಚೆಗೆ ಎಳೆದು, ಒಬ್ಬರು ಮಲಗುವಷ್ಟು ಜಾಗ ಬಿಟ್ಟ.