ಲಿಮರಿಕ್‌ನಿಂದ ಬರುವ ಪ್ರಯಾಣಕ್ಕೆ ಮಾತ್ರ ಅನುಮೋದನೆ

ಡಬ್ಲಿನ್‌ನಿಂದ ಲಿಮರಿಕ್ ನಗರಕ್ಕೆ ಇನ್ನೂರು ಕಿಲೋಮೀಟರ್ ದೂರ. ಗಂಟೆಗೊಂದು ಬಸ್ಸಿದೆ. ಡಬ್ಲಿನ್ ಅಂಚಿನ ಕ್ಲಾಂಡಾಲ್ಕಿನ್ ಕನ್ನಡ ಕುಟುಂಬಗಳ ಒಕ್ಕೂಟದ ಪ್ರವಾಸ ಉಪಸಮಿತಿಯು ತನ್ನ ಮೊದಲ ಸಭೆಯಲ್ಲಿ ಈ ಎರಡೂ ಸಂಗತಿಗಳನ್ನು ಪರಿಶೀಲಿಸಿ, ಮೊದಲನೆಯದನ್ನು ಅಂಗೀಕರಿಸಿತು, ಎರಡನೆಯದನ್ನು ಕೈಬಿಟ್ಟಿತು.

ಬಸ್ಸನ್ನು ಕೈಬಿಟ್ಟ ಕಾರಣ ನಡಾವಳಿಯಲ್ಲಿದೆ. ಬಸ್ಸಿಗೆ ಯೋಜನೆ ಬೇಕಿಲ್ಲ; ಹೋಗಿ ನಿಂತರೆ ಅದೇ ಬರುತ್ತದೆ. ಯೋಜನೆ ಬೇಡದ ಪ್ರಯಾಣವು ಉಪಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ.

ಪ್ರವಾಸದ ಅಗತ್ಯ ಹುಟ್ಟಿದ್ದು ಸಾವಿತ್ರಮ್ಮನವರಿಂದ. ಮೈಸೂರಿನ ನಿವೃತ್ತ ಗಣಿತ ಶಿಕ್ಷಕಿಯಾದ ಅವರು ತೊಂಬತ್ತು ದಿನದ ವೀಸಾದ ಮೇಲೆ ಕ್ಲಾಂಡಾಲ್ಕಿನ್‌ನ ಮಗ ಸಂಪತ್‌ನ ಮನೆಗೆ ಬಂದಿದ್ದರು. ಅದೇ ತಿಂಗಳು, ಅಂಥದೇ ವೀಸಾದ ಮೇಲೆ, ಹುಬ್ಬಳ್ಳಿಯಲ್ಲಿರುವ ಅವರ ಅಕ್ಕ ಅಕ್ಕಮ್ಮನವರು ಲಿಮರಿಕ್‌ನ ಮಗಳು ವಂದನಾಳ ಮನೆಗೆ ಬಂದಿದ್ದರು. ಅಕ್ಕತಂಗಿಯರು ಮುಖಾಮುಖಿ ಕೂತು ಒಂಬತ್ತು ವರ್ಷವಾಗಿತ್ತು. ಜಗಳವೇನಿರಲಿಲ್ಲ. ಒಬ್ಬರಿಗೆ ಮೊಣಕಾಲು, ಇನ್ನೊಬ್ಬರಿಗೆ ಸೊಂಟ. ಮೈಸೂರಿಗೂ ಹುಬ್ಬಳ್ಳಿಗೂ ನಡುವಿನ ರೈಲು ಹತ್ತಿ ಇಳಿಯುವುದು ಇಬ್ಬರಿಂದಲೂ ಆಗುತ್ತಿರಲಿಲ್ಲ. ಹೀಗಾಗಿ ಇಬ್ಬರೂ ಐರ್ಲೆಂಡಿಗೆ ಬಂದಿದ್ದರು.

"ಅಕ್ಕನ್ನ ಒಂದ್ಸಲ ನೋಡ್ಬೇಕು ಕಣೋ," ಎಂದು ಸಾವಿತ್ರಮ್ಮ ಮಗನಿಗೆ ಹೇಳಿದರು.

ಸಂಪತ್ ಉಪಸಮಿತಿಯ ಕಾರ್ಯದರ್ಶಿ. ಅವನು ಈ ಮಾತನ್ನು ಅರ್ಜಿ ಎಂದು ಸ್ವೀಕರಿಸಿ ಸಭೆಯ ಮುಂದಿಟ್ಟ. ಆಗ ಅಕ್ಕಮ್ಮನವರ ವೀಸಾದಲ್ಲಿ ಅರವತ್ತು ದಿನ ಉಳಿದಿತ್ತು.

ಉಪಸಮಿತಿಯ ಅಧ್ಯಕ್ಷರು ಸತ್ಯಪ್ರಕಾಶ್. ಡಬ್ಲಿನ್‌ನ ಗ್ರ್ಯಾಂಡ್ ಕೆನಾಲ್ ಡಾಕ್‌ನ ಒಂದು ದೊಡ್ಡ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಅಲ್ಲಿ ವಾರದ ಐದು ದಿನ ಅವರ ಮಾತನ್ನು ಯಾರೂ ಕೇಳದ ಕಾರಣ ಶನಿವಾರಗಳಲ್ಲಿ ಅವರಿಗೆ ಅಪಾರ ಶಕ್ತಿ ಉಳಿದಿರುತ್ತಿತ್ತು. ಅವರು ಅರ್ಜಿಯನ್ನು ಪರದೆಯ ಮೇಲೆ ಮೂಡಿಸಿ, ಒಬ್ಬ ಮಹಿಳೆ ತನ್ನ ಅಕ್ಕನನ್ನು ನೋಡುವುದನ್ನು ನಲವತ್ತೆರಡು ಹಂತಗಳಾಗಿ ವಿಂಗಡಿಸಿದರು. ನಾಲ್ಕು ಕುಟುಂಬಗಳು ಎರಡು ದಿನದ ಮಟ್ಟಿಗೆ ಕ್ಯಾಂಪರ್‌ವ್ಯಾನ್‌ನಲ್ಲಿ ಹೋಗುವುದೆಂದು ತೀರ್ಮಾನವಾಯಿತು. ಕ್ಯಾಂಪರ್‌ವ್ಯಾನ್ ಎಂದರೆ ಒಳಗೇ ಅಡುಗೆಮನೆ, ಹಾಸಿಗೆ, ಶೌಚಾಲಯ ಇರುವ ಗಾಡಿ. ಇಡೀ ಸಂಸಾರವನ್ನು ಹೊತ್ತುಕೊಂಡು ಸಂಸಾರದಿಂದ ದೂರ ಹೋಗುವ ಜನ ಇದನ್ನು ಬಳಸುತ್ತಾರೆ.

"ಅವರೇ ಇಲ್ಲಿಗೆ ಬಂದುಬಿಟ್ರೆ?" ಎಂದು ಸಾವಿತ್ರಮ್ಮ ಕೇಳಿದರು.

ಅದನ್ನೂ ಪರಿಶೀಲಿಸಲಾಯಿತು. ಲಿಮರಿಕ್‌ನಲ್ಲಿ ಆಗಲೇ ಅತಿಥಿ ಸ್ವಾಗತ ಸಮಿತಿ ರಚನೆಯಾಗಿತ್ತು. ವಂದನಾ ಅದರ ಸಂಚಾಲಕಿ. ಸ್ವಾಗತಿಸಬೇಕಾದವರೇ ಹೊರಟುಬಂದರೆ ಸ್ವಾಗತ ಯಾರು ಮಾಡಬೇಕೆಂದು ಆ ಸಮಿತಿ ಪತ್ರ ಬರೆದು ಕೇಳಿತು. ಪ್ರಶ್ನೆ ನ್ಯಾಯವಾಗಿತ್ತು.

ಎರಡನೆಯ ಮತ್ತು ಮೂರನೆಯ ಸಭೆಗಳು ಟಿ-ಶರ್ಟಿನ ಬಣ್ಣಕ್ಕೆ ಮೀಸಲಾದವು. ಬೆಂಗಳೂರಿನ ಹೊರವಲಯದಲ್ಲಿ ಸೈಟು ಮಾರುವ ಒಂದು ಸಂಸ್ಥೆ ಪ್ರಾಯೋಜಕತ್ವಕ್ಕೆ ಮುಂದೆ ಬಂತು. ಅದರ ಷರತ್ತು ಒಂದೇ: ಶರ್ಟಿನ ಎದೆಯ ಮೇಲೆ ಲಿಮರಿಕ್ ಬದಲು ಅವರ ಬಡಾವಣೆಯ ಹೆಸರಿರಬೇಕು. ಒಪ್ಪಲಾಯಿತು. ಉಳಿದದ್ದು ನಲವತ್ತು ದಿನ.

ಅಕ್ಕತಂಗಿಯರು ಪ್ರತಿದಿನ ಹನ್ನೊಂದು ಗಂಟೆಗೆ ಫೋನಿನಲ್ಲಿ ಮಾತಾಡುತ್ತಿದ್ದರು.

"ಹೊರಟ್ಯೇನೇ?"

"ಇನ್ನೂ ಇಲ್ಲ ಕಣೇ ಅಕ್ಕ. ಶರ್ಟಿನ ಅಳತೆ ತಗೊಂಡ್ರು."

"ಶರ್ಟ್ ಯಾಕೆ?"

"ನನ್ನ ಹತ್ರ ಕೇಳಬೇಡ. ನಾನು ಎಂ ಸೈಜಂತೆ."

ಇಪ್ಪತ್ತೊಂಬತ್ತು ದಿನ ಉಳಿದಿರುವಾಗ ವ್ಯಾನು ತಪಾಸಣೆಗೆ ಬಂತು. ಅದರ ಮಾಲೀಕ ಡೆಕ್ಲನ್, ಲಿಮರಿಕ್‌ನವನೇ, ಅರವತ್ತರ ಗಂಡಸು. ಬೆಳಿಗ್ಗೆ ಅಲ್ಲಿಂದ ಹೊರಟು ಹತ್ತಕ್ಕೆಲ್ಲ ಕ್ಲಾಂಡಾಲ್ಕಿನ್ ತಲುಪಿದ್ದ. ಸುರಕ್ಷತಾ ಸಲಹೆಗಾರರಾದ ಚಂದ್ರಕಾಂತ ಒಳಗೆ ಹೋಗಿ ಫೋನಿನ ದಿಕ್ಸೂಚಿ ಹಿಡಿದು ಅರ್ಧ ಗಂಟೆ ನಿಂತರು. ಇಲ್ಲಿ ಮನೆ ಕೊಳ್ಳುವಾಗ ವಾಸ್ತು ಕಲಿತಿದ್ದ ಅವರು, ವಾಸ್ತುವಿಗೆ ಸರಿಹೊಂದುವ ಮನೆ ಸಿಗದೆ, ಸಿಕ್ಕ ಮನೆಯನ್ನೇ ಕೊಂಡು, ಕಲಿತದ್ದನ್ನು ಇತರರ ಉಪಯೋಗಕ್ಕೆ ಇಟ್ಟುಕೊಂಡಿದ್ದರು.

ಹೊರಗೆ ಬಂದಾಗ ಅವರ ಮುಖ ಗಂಭೀರವಾಗಿತ್ತು.

"ಲಿಮರಿಕ್ ನೈರುತ್ಯಕ್ಕಿದೆ. ಗಾಡಿ ಆ ಕಡೆ ಮುಖ ಮಾಡಿದ್ರೆ ಹಿಂದಿನ ಎಡ ಮೂಲೆಯ ಟಾಯ್ಲೆಟ್ ಸರಿಯಾಗಿ ಪೂರ್ವಕ್ಕೆ ಬೀಳತ್ತೆ. ಸೂರ್ಯನ ಜಾಗಕ್ಕೆ. ಒಲೆ ವಾಯವ್ಯಕ್ಕೆ. ಹಾಸಿಗೆ ಈಶಾನ್ಯಕ್ಕೆ, ದೇವಮೂಲೆಗೆ. ಮೂರೂ ಕೆಟ್ಟದ್ದೇ."

"ಬರೋವಾಗ?" ಎಂದು ಸತ್ಯಪ್ರಕಾಶ್ ಕೇಳಿದರು.

"ಬರೋವಾಗ ಎಲ್ಲಾ ತಿರುಗಿಬಿಡತ್ತೆ. ಒಲೆ ಆಗ್ನೇಯ, ಹಾಸಿಗೆ ನೈರುತ್ಯ, ಟಾಯ್ಲೆಟ್ ಪಶ್ಚಿಮ. ಇಂಥ ಮನೆ ನಾನು ಈ ದೇಶದಲ್ಲಿ ನೋಡಿಲ್ಲ ಸರ್."

ಸಭೆ ಅಲ್ಲೇ, ಕಾರು ನಿಲ್ಲಿಸುವ ಜಾಗದಲ್ಲೇ ಸೇರಿ, ಲಿಮರಿಕ್‌ನಿಂದ ಬರುವ ಪ್ರಯಾಣಕ್ಕೆ ಅನುಮೋದನೆ ನೀಡಿತು. ಹೋಗುವ ಪ್ರಯಾಣವನ್ನು ತಡೆಹಿಡಿಯಲಾಯಿತು.

"ಹಾಗಾದ್ರೆ ರಿವರ್ಸ್‌ನಲ್ಲಿ ಹೋಗಿ," ಎಂದರು ಸಾವಿತ್ರಮ್ಮ. ಅವರು ನಗಲಿಲ್ಲವಾದ್ದರಿಂದ ಇದನ್ನು ಸಲಹೆ ಎಂದು ಬರೆದುಕೊಳ್ಳಲಾಯಿತು. ಹೆದ್ದಾರಿಯಲ್ಲಿ ಇನ್ನೂರು ಕಿಲೋಮೀಟರ್ ಹಿಮ್ಮುಖವಾಗಿ ಚಲಿಸುವ ಸಾಧ್ಯತೆಯ ಅಧ್ಯಯನಕ್ಕೆ ಇಬ್ಬರನ್ನು ನೇಮಿಸಲಾಯಿತು.

ಡೆಕ್ಲನ್ ಟೀ ಕುಡಿದು ಕಪ್ಪು ಕೆಳಗಿಟ್ಟ. ವಿಷಯವೇನೆಂದು ಸಂಪತ್ ಅವನಿಗೆ ವಿವರಿಸಿದ. ಅವನು ಪೂರ್ತಿ ಕೇಳಿಸಿಕೊಂಡು, "ಗ್ರ್ಯಾಂಡ್," ಎಂದ; ಐರಿಶರ ಬಾಯಲ್ಲಿ ಅದಕ್ಕೆ 'ಆಯ್ತು' ಎಂಬಷ್ಟೇ ಅರ್ಥ. ಆಮೇಲೆ, ತಾನು ಹೇಗೂ ಈಗ ಲಿಮರಿಕ್‌ಗೇ ಹೊರಟಿದ್ದೇನೆ, ಪಕ್ಕದ ಸೀಟು ಖಾಲಿಯಿದೆ, ಈ ಅಮ್ಮ ಕೂತುಕೊಳ್ಳಲಿ, ಊಟದ ಹೊತ್ತಿಗೆ ಅಕ್ಕನ ಮನೆ ಬಾಗಿಲಲ್ಲಿ ಇಳಿಸುತ್ತೇನೆ ಎಂದ.

ಸಾವಿತ್ರಮ್ಮ ಒಳಗೆ ಹೋಗಿ ಚೀಲ ಹಿಡಿದು ಬಂದರು. ಅದು ಮೂರು ವಾರದಿಂದ ಸಿದ್ಧವಾಗಿತ್ತು.

"ಆಂಟಿ, ಒಂದು ನಿಮಿಷ," ಎಂದರು ಸತ್ಯಪ್ರಕಾಶ್. "ನಿಯಮ ಹನ್ನೊಂದು. ಯೋಜನೆ ಅನುಮೋದನೆ ಆಗೋದಕ್ಕೆ ಮುಂಚೆ ಯಾವ ಸದಸ್ಯರೂ ಗುರಿ ತಲುಪತಕ್ಕದ್ದಲ್ಲ."

"ನಾನು ಸದಸ್ಯೆ ಅಲ್ಲವಲ್ಲಪ್ಪ."

"ನೀವು ಫಲಾನುಭವಿ. ನಿಮಗೆ ನಿಯಮ ಇನ್ನೂ ಬಿಗಿ."

ಅವರು ಮಗನ ಮುಖ ನೋಡಿದರು. ಸಂಪತ್ ಬರೆದುಕೊಳ್ಳುತ್ತಿದ್ದ. "ಅಮ್ಮ, ಠರಾವಾಗಿದೆ," ಎಂದ. ತಲೆ ಎತ್ತಲಿಲ್ಲ.

ಡೆಕ್ಲನ್ ಒಬ್ಬನೇ ಹೋದ. ಪೂರ್ವಕ್ಕೆ ಶೌಚಾಲಯ ಇಟ್ಟುಕೊಂಡೇ ಹೋಗಿ ಒಂದೂವರೆಗೆ ಲಿಮರಿಕ್ ತಲುಪಿ, ಊಟ ಮಾಡಿ ಮಲಗಿದನೆಂದು ತಿಳಿದುಬಂತು. ವಾಸ್ತು ಅವನಿಗೆ ಅನ್ವಯಿಸುವುದಿಲ್ಲ ಎಂದು ಚಂದ್ರಕಾಂತ ಸ್ಪಷ್ಟೀಕರಣ ನೀಡಿದರು. ಕಾರಣ, ಅವನಿಗೆ ವಾಸ್ತು ಗೊತ್ತಿಲ್ಲ.

ನಂತರದ ವಾರಗಳಲ್ಲಿ ಕೆಲಸ ಚುರುಕಾಗಿ ನಡೆಯಿತು. ಹಿಮ್ಮುಖ ಪ್ರಯಾಣದ ಅಧ್ಯಯನ ತಂಡವು ಕುತ್ತಿಗೆ ನೋವಿನ ಕಾರಣ ಕಾಲಾವಕಾಶ ಕೋರಿತು. ವೃತ್ತಗಳಲ್ಲಿ ಗಾಡಿ ಎಲ್ಲ ದಿಕ್ಕಿಗೂ ತಿರುಗುವುದರಿಂದ ಅಲ್ಲಿ ವಾಸ್ತುವನ್ನು ಅಮಾನತಿನಲ್ಲಿಡಲಾಯಿತು. ಸಾವಿತ್ರಮ್ಮ ಒಬ್ಬರೇ ಬಸ್ಸು ಹತ್ತುವ ಯೋಚನೆಯಲ್ಲಿದ್ದಾರೆಂದು ಮಗ ಕರ್ತವ್ಯನಿಷ್ಠೆಯಿಂದ ವರದಿ ಮಾಡಿದ್ದರಿಂದ, ಸಂದರ್ಶಕ ಪೋಷಕರ ಸುರಕ್ಷತಾ ನಿಯಮ ಜಾರಿಯಾಯಿತು. ಅದರಂತೆ ಅವರ ಬಸ್ ಕಾರ್ಡು ಕಾರ್ಯದರ್ಶಿಯ ಸುಪರ್ದಿಗೆ ಬಂತು. ಅಂದಿನಿಂದ ಅವರು ಮಗನಿಗೆ ಸಾರು ಬಡಿಸುವಾಗ "ಕಾರ್ಯದರ್ಶಿಗಳೇ, ಇನ್ನೂ ಸ್ವಲ್ಪ ಹಾಕ್ಲಾ?" ಎಂದು ಕೇಳತೊಡಗಿದರು. ಸೊಸೆ ನಿಸರ್ಗಾ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು.

ಎಂಟು ದಿನ ಉಳಿಯಿತು. ಆಮೇಲೆ ಮೂರು.

ಆಗ ಸತ್ಯಪ್ರಕಾಶರಿಗೆ ದಾರಿ ಹೊಳೆಯಿತು. ಅಕ್ಕಮ್ಮನವರು ಊರಿಗೆ ಹೊರಡಲು ಹೇಗೂ ಡಬ್ಲಿನ್ ವಿಮಾನ ನಿಲ್ದಾಣಕ್ಕೆ ಬರಲೇಬೇಕು. ಬರುವ ಪ್ರಯಾಣಕ್ಕೆ ಅನುಮೋದನೆ ಇದ್ದೇ ಇದೆ. ವ್ಯಾನು ಲಿಮರಿಕ್‌ನಲ್ಲೇ ಇದೆ. ಆದ್ದರಿಂದ ಅವರನ್ನು ಅದರಲ್ಲೇ ಕರೆತಂದರೆ ಪ್ರವಾಸ ನಿಯಮಬದ್ಧವಾಗಿ ನಡೆದಂತಾಗುತ್ತದೆ. ಯಾರೂ ಲಿಮರಿಕ್‌ಗೆ ಹೋಗಿರುವುದಿಲ್ಲ ಎಂಬ ತಾಂತ್ರಿಕ ತೊಡಕನ್ನು ನಿಯಮ ಹದಿನೆಂಟು ನಿವಾರಿಸಿತು: "ಈ ಯೋಜನೆಯ ಉದ್ದೇಶಕ್ಕಾಗಿ ಲಿಮರಿಕ್ ಎಂದರೆ ಲಿಮರಿಕ್‌ನಿಂದ ಬಂದ ವ್ಯಕ್ತಿ ಸದ್ಯ ಇರುವ ಸ್ಥಳ." ಸ್ವಾಗತ ಸಮಿತಿಯೂ ಒಪ್ಪಿತು. ಲಿಮರಿಕ್ ತಾನೇ ಹೊರಟುಬಂದರೆ ಸಮಿತಿ ಜೊತೆಗೆ ಬರುವುದರಲ್ಲಿ ತಪ್ಪಿರಲಿಲ್ಲ.

ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ಇಳಿಸುವ ಜಾಗದಲ್ಲಿ ವ್ಯಾನು ನಿಲ್ಲಬಹುದಾದದ್ದು ಹತ್ತು ನಿಮಿಷ. ಕಾರ್ಯಕ್ರಮ ಪಟ್ಟಿ ಹೀಗಿತ್ತು: ಅಧ್ಯಕ್ಷರ ಭಾಷಣ ಮೂರು ನಿಮಿಷ, ಪ್ರಾಯೋಜಕರ ಬ್ಯಾನರ್ ಜೊತೆ ಫೋಟೊ ಎರಡು, ಯೋಜನಾ ವರದಿ ಎರಡು, ವಂದನಾರ್ಪಣೆ ಒಂದು, ಸಹೋದರಿಯರ ಭೇಟಿ ಎರಡು. ನಾಡಗೀತೆಯನ್ನು ಸಮಯದ ಅಭಾವದಿಂದ ಕೈಬಿಡಲಾಗಿತ್ತು.

ವ್ಯಾನು ಬಂದು ನಿಂತಿತು. ಬಡಾವಣೆಯ ಹೆಸರಿನ ಶರ್ಟು ತೊಟ್ಟ ಹದಿನಾಲ್ಕು ಜನ ಸಾಲಾಗಿ ನಿಂತಿದ್ದರು. ಸತ್ಯಪ್ರಕಾಶ್ ಕಾಗದ ಬಿಡಿಸಿ, "ಇದೊಂದು ಐತಿಹಾಸಿಕ ಪ್ರವಾಸ," ಎಂದು ಆರಂಭಿಸಿದರು. ಅಷ್ಟರಲ್ಲಿ ಎಂ ಸೈಜಿನ ಶರ್ಟು ಸೀರೆಯ ಮೇಲೆ ತೊಟ್ಟಿದ್ದ ಸಾವಿತ್ರಮ್ಮ ಸಾಲಿನಿಂದ ಹೊರಬಂದು, ಮೊಣಕಾಲಿನ ಮೇಲೆ ಕೈಯೂರಿ ವ್ಯಾನು ಹತ್ತಿದರು. ಬಾಗಿಲು ಜಾರಿ ಮುಚ್ಚಿಕೊಂಡಿತು. ಡೆಕ್ಲನ್ ಇಳಿದು ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಭಾಷಣವನ್ನು ಗೌರವದಿಂದ ಆಲಿಸಿದ.

ಅಧ್ಯಕ್ಷರು ಮುಚ್ಚಿದ ಬಾಗಿಲನ್ನು ಉದ್ದೇಶಿಸಿ ಮಾತು ಮುಂದುವರಿಸಿದರು. ಕಿಟಕಿ ಒಂದಿಂಚು ತೆರೆದಿದ್ದರಿಂದ ಒಳಗಿನ ಮಾತೂ ಕೇಳುತ್ತಿತ್ತು.

"ಇಳಿದುಹೋಗಿದೀಯಲ್ಲೇ ಅಕ್ಕ."

"ಇಲ್ಲಿ ಅನ್ನ ಸೇರಲ್ಲ ಕಣೇ. ನೀನೇನು, ಕನ್ನಡಕ ಬದಲಾಯಿಸಿದೀಯಾ?"

"ಆರು ವರ್ಷ ಆಯ್ತು."

"ಫೋನಲ್ಲಿ ಗೊತ್ತಾಗ್ಲಿಲ್ಲ. ಬಾ, ಹತ್ರ ಕೂತ್ಕೋ. ಕಾಫಿ ಮಾಡಿದೀನಿ, ಒಲೆ ಚೆನ್ನಾಗಿದೆ."

"ಆಗ್ನೇಯದಲ್ಲಿದೆಯಂತೆ."

"ಯಾರು?"

"ಒಲೆ. ಇರ್ಲಿ ಬಿಡು. ಕೈ ಕೊಡು ಇಲ್ಲಿ."

ಆಮೇಲೆ ಏನೂ ಕೇಳಲಿಲ್ಲ. ಯೋಜನಾ ವರದಿ ಮುಗಿದು, ವಂದನಾರ್ಪಣೆ ಮುಗಿದು, ಹತ್ತನೇ ನಿಮಿಷಕ್ಕೆ ಬಾಗಿಲು ತೆರೆಯಿತು. ಅಕ್ಕಮ್ಮನವರು ಇಳಿದು, ಗಾಲಿಕುರ್ಚಿಯಲ್ಲಿ ಕೂತು, ಹಿಂತಿರುಗಿ ನೋಡದೆ ಒಳಗೆ ಹೋದರು. ಭೇಟಿಯು ನಿಗದಿತ ಎರಡು ನಿಮಿಷದ ಬದಲು ಎಂಟು ನಿಮಿಷ ನಡೆದದ್ದನ್ನು ಸಮಿತಿ ಗಂಭೀರವಾಗಿ ಪರಿಗಣಿಸಿ, ಹೆಚ್ಚುವರಿ ಆರು ನಿಮಿಷಕ್ಕೆ ಘಟನೋತ್ತರ ಮಂಜೂರಾತಿ ನೀಡಿತು.

ಮಾರನೆಯ ದಿನ ಅಭಿಪ್ರಾಯ ಸಂಗ್ರಹದ ಫಾರಂ ಬಂತು. ಸಂಪತ್ ಫೋನು ಹಿಡಿದು ತಾಯಿಯ ಎದುರು ಕೂತ. ಜೇಬಿನಿಂದ ಬಸ್ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟ. ಅವರು ಅದನ್ನು ಮುಟ್ಟಲಿಲ್ಲ.

"ಅಮ್ಮ, ಮೊದಲನೇ ಪ್ರಶ್ನೆ. ಲಿಮರಿಕ್ ಹೇಗಿದೆ? ಇದನ್ನ ಖಾಲಿ ಬಿಡಂಗಿಲ್ಲ."

"ಏನೇನು ಉತ್ತರ ಇದೆ?"

"ತುಂಬಾ ಚೆನ್ನಾಗಿದೆ. ಚೆನ್ನಾಗಿದೆ. ಪರವಾಗಿಲ್ಲ."

ಸಾವಿತ್ರಮ್ಮ ಯೋಚಿಸಿದರು.

"ತುಂಬಾ ಇಳಿದುಹೋಗಿದೆ," ಎಂದರು.

"ಅದು ಇಲ್ಲ ಅಮ್ಮ."

"ಹಾಗಾದ್ರೆ ಚೆನ್ನಾಗಿದೆ ಅಂತ ಹಾಕು."

ಹಾಕಲಾಯಿತು. ಪ್ರವಾಸಿಗಳಲ್ಲಿ ಶೇಕಡಾ ನೂರು ಮಂದಿಗೆ ಲಿಮರಿಕ್ ಚೆನ್ನಾಗಿದೆ ಎನಿಸಿದೆ ಎಂಬ ವರದಿಯನ್ನು ಮುಂದಿನ ಶನಿವಾರ ಸತ್ಯಪ್ರಕಾಶ್ ಮಂಡಿಸಿದರು. ಸಭೆ ಅದನ್ನು ಸರ್ವಾನುಮತದಿಂದ ಅಂಗೀಕರಿಸಿತು. ಅನುಮೋದಿಸಿದವರು, ಫಲಾನುಭವಿಯ ನೆಲೆಯಲ್ಲಿ, ಸಾವಿತ್ರಮ್ಮ.