ಗಾಳಿ ನೋಡಿ ಹೊಡಿ

ಇವತ್ತು ಗಂಭೀರವಾಗಿರಬೇಕು ಅಂತ ಹಲ್ಲು ಕಚ್ಚಿಕೊಂಡು ಮೈದಾನಕ್ಕೆ ಇಳಿದ ದಿನವೇ ಏನಾದರೂ ಎಡವಟ್ಟು ನಡೆದು ನಗು ಬರುವುದು ನನ್ನ ನೌಕರಿಯಲ್ಲಿ ಒಂದು ಸಲವೂ ತಪ್ಪಿಲ್ಲ.

ಶಿವಮೊಗ್ಗದಲ್ಲಿ ಪೊಲೀಸರಿಗೆ ಪ್ರಾಣ ತೆಗೆಯದ ಆಯುಧಗಳನ್ನು ಕಲಿಸುವುದು ನನ್ನ ಕೆಲಸವಾಗಿತ್ತು. ಲಾಠಿ, ಅಶ್ರುವಾಯು, ರಬ್ಬರ್ ಗುಂಡು, ಪೆಪ್ಪರ್ ಸ್ಪ್ರೇ ಹೀಗೆ. ಹೊಸದಾಗಿ ಬಂದ ಮಾಲನ್ನು ಪರೀಕ್ಷಿಸಿ ಸಹಿ ಹಾಕುವವನೂ ನಾನೇ. ಪ್ರಾಣ ತೆಗೆಯದ್ದು ಅಂತ ಹೇಳುವುದು ಸುಲಭ. ಹತ್ತಿರದಿಂದ ಅಡ್ಡಾದಿಡ್ಡಿ ಹೊಡೆದರೆ ಎದುರಿನವನ ಕಣ್ಣು ಹೋಗುತ್ತದೆ. ನಾನು ಕಲಿಸಿದ ಕೈಯಿಂದ ಯಾರ ಕಣ್ಣೂ ಹೋಗದೆ ನಿವೃತ್ತನಾಗುವಂತಾಗಲಿ ಅಂತ ದಿನಾ ಬೆಳಗ್ಗೆ ದೇವರಿಗೆ ಕೈ ಮುಗಿಯುತ್ತಿದ್ದೆ. ಬೇರೇನನ್ನೂ ಕೇಳಿದ ನೆನಪಿಲ್ಲ.

ಮೊದಲ ರುಚಿ ನನಗೆ

ನಮ್ಮಲ್ಲೊಂದು ಪದ್ಧತಿ ಇತ್ತು. ಕಲಿಸುವವನು ಮೊದಲು ತಾನೇ ಅನುಭವಿಸಬೇಕು. ಒಮ್ಮೆ ಹೊಸ ಪೆಪ್ಪರ್ ಸ್ಪ್ರೇ ಬಂತು. ನಾನು ಕುರ್ಚಿಯಲ್ಲಿ ಕೂತೆ, ಪಕ್ಕದಲ್ಲಿ ಇಬ್ಬರು ಪೇದೆಗಳು ನೀರಿನ ಬಕೆಟ್ ಹಿಡಿದು ನಿಂತರು, ಎದುರಿಗೆ ನಮ್ಮ ಕಚೇರಿಯ ಗುಮಾಸ್ತ ಫಾರಂ ಹಿಡಿದು ನಿಂತ. ಮುಖಕ್ಕೆ ಸ್ಪ್ರೇ ಬಿದ್ದಿದ್ದೇ ತಡ, ನಾನು ಅಮ್ಮನನ್ನು, ಅಜ್ಜಿಯನ್ನು, ಕುಲದೇವರನ್ನು ಸಾಲಾಗಿ ಕರೆದೆ. ಕಣ್ಣು ತೆರೆಯಲು ಆಗುತ್ತಿಲ್ಲ, ಮೂಗು ಸೋರುತ್ತಿದೆ. ಗುಮಾಸ್ತ ಕಿವಿಯ ಹತ್ತಿರ ಬಂದು ವಿನಯದಿಂದ ಕೇಳಿದ:

"ಸಾರ್, ಪರಿಣಾಮ ಅಂತ ಒಂದು ಕಾಲಂ ಇದೆ. ತೃಪ್ತಿಕರ ಅಂತ ಬರ್ಕೊಳ್ಲಾ?"

ಏನಾದರೂ ಬರ್ಕೊಳ್ಳೋ ಅಂತ ಕೂಗಿ, ತಡಕಾಡಿ ಸಹಿ ಹಾಕಿದೆ. ಸಹಿ ಫಾರಂ ಬಿಟ್ಟು ಅವನ ಅಂಗಿಯ ತೋಳಿನ ಮೇಲೆ ಬಿದ್ದಿತ್ತು.

ಮನೆಗೆ ಹೋದರೆ ಹೆಂಡತಿ ಸಾರಿನಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದಳು. ಕೆಮ್ಮುತ್ತಲೇ ನನ್ನ ಕತೆಯನ್ನೆಲ್ಲ ಕೇಳಿದಳು. "ಅಲ್ಲ ಕಣ್ರೀ, ಇಷ್ಟು ವರ್ಷದಿಂದ ಈ ಘಾಟು ಕುಡೀತಾ ಇದ್ದೀನಿ. ಒಂದು ದಿನ ನನ್ನ ಪಕ್ಕ ಯಾರಾದ್ರೂ ಬಕೆಟ್ ಹಿಡ್ಕೊಂಡು ನಿಂತಿದ್ದಾರಾ?" ಅಂದಳು.

ಅವತ್ತಿನಿಂದ ಅವಳು ಮೆಣಸಿನಕಾಯಿ ಹುರಿಯುವಾಗಲೆಲ್ಲ ನಾನು ಚೊಂಬಿನಲ್ಲಿ ನೀರು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತೇನೆ. ಅವಳಿಗೆ ನಾನು ಸಲ್ಲಿಸುವ ಗೌರವ ಅದು. ಅಡ್ಡ ನಿಂತಿದ್ದೀರಿ ಅಂತ ಬೈಯುತ್ತಾಳೆ.

ಗಲಾಟೆ ಮಾಡಲು ಬಾರದ ಗುಂಪು

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್ ಪಕ್ಕದ ಬಯಲಿನಲ್ಲಿ ಗುಂಪು ಚದುರಿಸುವ ಅಭ್ಯಾಸ ಇಟ್ಟುಕೊಂಡಿದ್ದೆವು. ಅರ್ಧ ಪೇದೆಗಳಿಗೆ ಸಮವಸ್ತ್ರ. ಉಳಿದರ್ಧ ಲುಂಗಿ ಉಟ್ಟು ಗಲಭೆ ಮಾಡುವವರು. ಕಲ್ಲಿನ ಬದಲು ಅವರ ಕೈಗೆ ಬಟ್ಟೆಯ ಉಂಡೆಗಳನ್ನು ಕೊಟ್ಟಿದ್ದೆ.

ಗುಂಪಿನ ನಾಯಕನಾಗಿದ್ದ ಪೇದೆ "ಧಿಕ್ಕಾರ!" ಅಂತ ಉಂಡೆ ಎತ್ತಿದ. ಅಷ್ಟರಲ್ಲಿ ಇನ್ಸ್‌ಪೆಕ್ಟರು ಎದುರಿಗೆ ಬಂದರು. ಅವನು ಉಂಡೆ ಹಿಡಿದ ಕೈಯಲ್ಲೇ ಸೆಲ್ಯೂಟ್ ಹೊಡೆದ. ಹಿಂದಿದ್ದ ಗಲಭೆಕೋರರೆಲ್ಲ ಸಾವಧಾನ್ ನಿಂತರು.

"ಗಲಾಟೆ ಮಾಡೋ ಮಾರಾಯ!" ಅಂದೆ.

"ಮಾಡಬಹುದು ಸಾರ್. ಆದ್ರೆ ನನ್ನ ರಜೆ ಅರ್ಜಿ ಇನ್ನೂ ಅವ್ರ ಟೇಬಲ್ ಮೇಲೇ ಇದೆ."

ಕಾಂಪೌಂಡ್ ಗೋಡೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ, ಕಾರ್ಖಾನೆಯಿಂದ ನಿವೃತ್ತರಾದ ತಮಿಳು ಹಿರಿಯರೊಬ್ಬರಿಗೆ ತಡೆಯಲಾಗಲಿಲ್ಲ. ಇಳಿದು ಬಂದರು. "ಅಯ್ಯೋ ಸಾಮಿ, ನಾನು ಯೂನಿಯನ್‌ನಲ್ಲಿ ಇದ್ದವನು. ಘೋಷಣೆ ಹೊಟ್ಟೆಯಿಂದ ಬರಬೇಕು, ಗಂಟಲಿಂದ ಅಲ್ಲ" ಅಂದು ಒಂದು ಗಂಟೆ ಪಾಠ ಮಾಡಿದರು. ಎಂಥ ಗುರು! ನಾನು ಒಂದು ವಾರದಲ್ಲಿ ಕಲಿಸಲಾಗದ್ದನ್ನು ಅವರು ಕಲಿಸಿಬಿಟ್ಟರು. ಮಧ್ಯಾಹ್ನ ಊಟಕ್ಕೆ ಕೂತಾಗ ಚಿತ್ರಾನ್ನ ತಣ್ಣಗಾಗಿತ್ತು. ಪೇದೆಗಳೆಲ್ಲ ಅದೇ ಲಯದಲ್ಲಿ, ಹೊಟ್ಟೆಯಿಂದ, ನನಗೇ ಧಿಕ್ಕಾರ ಕೂಗಿದರು.

ಬೊಂಬೆಯ ಪ್ಯಾಂಟು

ನನ್ನ ಕೊನೆಯ ತಂಡದಲ್ಲಿ ಹೊಳಲೂರಿನ ಕಡೆಯ ಒಬ್ಬ ಮಹಿಳಾ ಪೇದೆ ಇದ್ದಳು. ಅಷ್ಟು ನಿಧಾನದವಳನ್ನು ನಾನು ಕಂಡಿಲ್ಲ. ಅಶ್ರುವಾಯು ಹಾರಿಸುವ ಗ್ಯಾಸ್ ಗನ್ ಹಿಡಿಯುವ ಮೊದಲು ಒಂದು ಹಿಡಿ ಮಣ್ಣು ತೂರಿ ಗಾಳಿ ನೋಡಿ ಅಂತ ಕಲಿಸಿದ್ದೆ. ಎಲ್ಲರೂ ಒಂದು ಸಲ ತೂರಿದರೆ ಇವಳು ಮೂರು ಸಲ ತೂರುವಳು. ಆಮೇಲೆ "ಹಿಂದೆ ಯಾರಾದ್ರೂ ಇದ್ದಾರಾ ಸಾರ್?" ಅಂತ ಕೇಳುವಳು. ಹಿಂದೆ ಇದ್ದದ್ದು ಒಂದು ಮಣ್ಣಿನ ದಿಬ್ಬ.

ರಬ್ಬರ್ ಗುಂಡಿನ ದಿನ ಇನ್ನೂ ಕಷ್ಟವಾಯಿತು. ಹುಲ್ಲು ತುಂಬಿದ ಬೊಂಬೆಗಳಿಗೆ ಅಂಗಿ ಪ್ಯಾಂಟು ಹಾಕಿ ನಿಲ್ಲಿಸಿದ್ದೆವು. ಮೊಣಕಾಲಿನ ಕೆಳಗೆ ಹೊಡೆಯಬೇಕು. ಇವಳು ಗುರಿ ಇಡುವಳು, ಇಳಿಸುವಳು. ನನಗೆ ರೇಗಿತು.

"ಏನಮ್ಮ, ಬೊಂಬೆಗೆ ನೋವಾಗುತ್ತಾ?"

"ಅದಲ್ಲ ಸಾರ್. ಹಳೇ ಬಟ್ಟೆ ತನ್ನಿ ಅಂದಿದ್ರಲ್ಲ, ಅದು ನಮ್ಮ ಯಜಮಾನ್ರ ಪ್ಯಾಂಟು. ಅವ್ರಿಗೆ ಹೇಳಿಲ್ಲ. ಅಂಗಿಗೆ ಹೊಡೀಲಾ?"

ಪಾಸು ಮಾಡಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಆಪತ್ಕಾಲದಲ್ಲಿ ಇವಳು ಹೀಗೇ ನಿಂತರೆ ಗತಿಯೇನು? ಕೊನೆಗೆ ಅರೆಮನಸ್ಸಿನಿಂದ ಸಹಿ ಹಾಕಿದೆ.

ಹೊಳೆಹೊನ್ನೂರು ರಸ್ತೆ

ನಿವೃತ್ತಿಗೆ ಇನ್ನು ಕೆಲವೇ ದಿನ. ನಾಲೆಗೆ ನೀರು ಬಿಟ್ಟಿಲ್ಲ ಅಂತ ಹೊಳೆಹೊನ್ನೂರಿನ ಹತ್ತಿರ ರೈತರು ರಸ್ತೆ ತಡೆದಿದ್ದರು. ನನ್ನನ್ನೂ ಬಂದೋಬಸ್ತಿನ ತಂಡದ ಜೊತೆಗೆ ಕಳಿಸಿದರು. ನಾವು ಹೋಗುವಷ್ಟರಲ್ಲಿ ಒಂದು ಕಲ್ಲು ಜೀಪಿನ ಗಾಜಿಗೆ ಬಿದ್ದಿತ್ತು. ಎದುರಿಗೆ ಕೈಯಲ್ಲಿ ಕಲ್ಲು ಹಿಡಿದ ಹುಡುಗರು, ಇತ್ತ ನಮ್ಮವರು, ನಡುವೆ ತೀರಾ ಕಡಿಮೆ ಜಾಗ. ಇನ್ಸ್‌ಪೆಕ್ಟರು ಮೈಕಿನಲ್ಲಿ ಮೂರು ಸಲ ಎಚ್ಚರಿಕೆ ಕೊಟ್ಟರು. ಯಾರೂ ಕದಲಲಿಲ್ಲ. ಗ್ಯಾಸ್ ಗನ್ ಯಾರ ಕೈಯಲ್ಲಿದೆ ಅಂತ ನೋಡಿದೆ. ಅದೇ ಮಹಿಳಾ ಪೇದೆ. ಇಷ್ಟು ವರ್ಷ ದೇವರಲ್ಲಿ ಕೇಳಿಕೊಂಡದ್ದು ಈ ಒಂದು ನಿಮಿಷದಲ್ಲಿ ಕೈತಪ್ಪುತ್ತದಲ್ಲ ಅನ್ನಿಸಿತು.

ಇನ್ಸ್‌ಪೆಕ್ಟರು ಹೊಡಿ ಅಂತ ಕೈ ಎತ್ತಿದರು. ಅವಳು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ತೂರಿದಳು. ಮತ್ತೆ ಬಗ್ಗಿದಳು.

ಗುಂಪಿನ ಮುಂದಿದ್ದ, ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದ ಅಜ್ಜನಿಗೆ ಕುತೂಹಲ ತಡೆಯಲಾಗಲಿಲ್ಲ. "ಏನಮ್ಮ ಮಾಡ್ತಾ ಇದ್ದೀಯ?"

"ಗಾಳಿ ನೋಡ್ತಾ ಇದ್ದೀನಿ ಅಜ್ಜ. ನಮ್ಮ ಹಿಂದೆ ಅಂಗನವಾಡಿ ಇದೆ."

"ಹಂಗಾ ನೋಡೋದು? ಭತ್ತ ತೂರಿಲ್ವಾ ನೀನು ಯಾವತ್ತೂ? ಮಣ್ಣನ್ನ ಎಸೀಬಾರದು, ಬೆರಳ ಸಂದೀಲಿ ಬಿಡಬೇಕು" ಅಂತ ಅಜ್ಜ ಮುಂದೆ ಬಂದು ಕೈ ಎತ್ತಿ ಮಣ್ಣು ಬಿಟ್ಟು ತೋರಿಸಿದ. ಅದಷ್ಟೂ ನೇರವಾಗಿ ಇನ್ಸ್‌ಪೆಕ್ಟರ ಮೀಸೆಯ ಮೇಲೆ ಹೋಗಿ ಕೂತಿತು.

"ನೋಡಿದ್ಯಾ? ಈಗ ಹೊಡೆದ್ರೆ ಅಳೋರು ನೀವೇ."

ಹಿಂದಿನಿಂದ ಇನ್ನೊಬ್ಬ, "ಇಲ್ಲ ಕಣಜ್ಜ, ಏರಿ ಹತ್ರ ಗಾಳಿ ಅಡ್ಡ ಹೊಡೆಯುತ್ತೆ" ಅಂದ. ಮತ್ತೊಬ್ಬ ಅದೂ ಅಲ್ಲ ಅಂದ. ತಮ್ಮ ಮಾತೇ ಸರಿ ಅಂತ ತೋರಿಸಲು ಹುಡುಗರು ಕೈಯಲ್ಲಿದ್ದ ಕಲ್ಲು ಕೆಳಗೆ ಹಾಕಿ ಮಣ್ಣು ಹಿಡಿದರು. ರಸ್ತೆ ತುಂಬ ಧೂಳು. ಆ ಧೂಳಿನ ನಡುವೆ ಬೈಕಿನಲ್ಲಿ ಬಂದ ನೀರಾವರಿ ಎಂಜಿನಿಯರು, ಇವರು ಮಣ್ಣು ತೂರಿ ತನಗೇ ಶಾಪ ಹಾಕುತ್ತಿದ್ದಾರೆ ಅಂತ ಹೆದರಿ, ಕೇಳುವ ಮೊದಲೇ ಸಂಜೆಗೆ ನೀರು ಬಿಡುತ್ತೇವೆ ಅಂದುಬಿಟ್ಟರು.

ಹೊರಡುವಾಗ ಅಜ್ಜ ನಮ್ಮ ಹುಡುಗಿಯ ತಲೆ ಸವರಿ ಹೇಳಿದ: "ನಾಲ್ಕು ಗಂಟೆ ಮೇಲೆ ಗಾಳಿ ತಿರುಗುತ್ತೆ ಮಗಳೇ. ಆಗ ಹೊಡಿ. ನಾವು ಇರಲ್ಲ, ಹಾಲು ಕರೆಯೋಕೆ ಹೋಗಿರ್ತೀವಿ."

ನಾನು ಜೀಪಿನ ಹಿಂದೆ ಹೋಗಿ, ಯಾರಿಗೂ ಕಾಣದ ಹಾಗೆ ಕಣ್ಣು ಒರೆಸಿಕೊಂಡೆ. ಆ ಅಜ್ಜನಿಗೂ ಆ ನಿಧಾನದ ಹುಡುಗಿಗೂ ನಾನು ಬದುಕಿರುವವರೆಗೆ ಋಣಿ. ವಾಪಸ್ ಬಂದು ಹೊಡೆಯದ ಅಶ್ರುವಾಯು ಶೆಲ್ ಅನ್ನು ಶಸ್ತ್ರಾಗಾರದಲ್ಲಿ ಒಪ್ಪಿಸಿದಾಗ ಅದೇ ಗುಮಾಸ್ತ ಫಾರಂ ತೆಗೆದ.

"ಬಳಸಿಲ್ಲ ಅಂತ ಬರೆದೆ ಸಾರ್. ಪರಿಣಾಮದ ಕಾಲಂ ಖಾಲಿ ಬಿಡ್ಲಾ?"

"ತೃಪ್ತಿಕರ ಅಂತ ಬರ್ಕೊಳ್ಳೋ" ಅಂದೆ.

ಸಹಿಗೆ ಪೆನ್ನು ಚಾಚಿದವನು, ಇನ್ನೂ ಒದ್ದೆಯಾಗಿದ್ದ ನನ್ನ ಕಣ್ಣು ನೋಡಿ, ಮೆಲ್ಲಗೆ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡ.